ಫಿನ್‌ಲ್ಯಾಂಡ್‌ನಲ್ಲಿ ಒಬ್ಬರೇ 25 ವರ್ಷ ಅಧ್ಯಕ್ಷರಾಗಿದ್ದು ಹೇಗೆ?

ಓದುಗರ ಪ್ರಶ್ನೆ: ಫಿನ್‌ಲ್ಯಾಂಡ್ ಗಟ್ಟಿ ಪ್ರಜಾಪ್ರಭುತ್ವ ಅಂತಾರೆ. ಆದರೆ ಉರ್ಹೊ ಕೆಕ್ಕೊನೆನ್ ಅನ್ನುವವರು 1956ರಿಂದ 1981ರವರೆಗೆ ಅಲ್ಲಿ ಅಧ್ಯಕ್ಷರಾಗಿದ್ದರಂತೆ. ಇದು ಸರ್ವಾಧಿಕಾರ ಅಲ್ವಾ?

ಉತ್ತರ: ಸರ್ವಾಧಿಕಾರ ಅಲ್ಲ. ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದೂ ಅಲ್ಲ. ಅಷ್ಟೂ ವರ್ಷ ಅಲ್ಲಿ ಬೇರೆ ಬೇರೆ ಪಕ್ಷಗಳಿದ್ದವು, ಪತ್ರಿಕೆಗಳಿದ್ದವು, ಸಂಸತ್ತಿಗೆ ಚುನಾವಣೆ ನಡೆಯುತ್ತಲೇ ಇತ್ತು. ಆದರೂ ಕೆಕ್ಕೊನೆನ್ ಅವರನ್ನು ಕುರ್ಚಿಯಿಂದ ಇಳಿಸುವುದು ಯಾರ ಕೈಲೂ ಆಗಲಿಲ್ಲ. ಕೊನೆಕೊನೆಗೆ ಇಳಿಸಬೇಕು ಅಂತ ಗಟ್ಟಿಯಾಗಿ ಹೇಳುವವರೂ ಕಡಿಮೆಯಾದರು. ಇದರಲ್ಲಿ ಅವರ ಪಾತ್ರ ಎಷ್ಟಿದೆಯೋ ಅವರ ಎದುರಾಳಿಗಳ ಪಾತ್ರವೂ ಅಷ್ಟೇ ಇದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ. ಹುಟ್ಟಿದ್ದು 1900ರಲ್ಲಿ, ಪಿಯೆಲವೆಸಿ ಎಂಬ ಹಳ್ಳಿಗಾಡಿನಲ್ಲಿ. ಆಗ ಫಿನ್‌ಲ್ಯಾಂಡ್ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. ತಂದೆಗೆ ಕಾಡಿನಲ್ಲಿ ಮರ ಕಡಿಸುವ ಕೆಲಸ. 1918ರ ಅಂತರ್ಯುದ್ಧದಲ್ಲಿ, ಇನ್ನೂ ಹದಿನೇಳರ ಹುಡುಗ, ಕಮ್ಯುನಿಸ್ಟ್ ವಿರೋಧಿ ಬಿಳಿ ಪಡೆ ಸೇರಿ ಬಂದೂಕು ಹಿಡಿದರು. ಮುಂದೆ ಭದ್ರತಾ ಪೊಲೀಸ್ ಇಲಾಖೆಯಲ್ಲಿ ಕಮ್ಯುನಿಸ್ಟರ ಬೆನ್ನು ಹತ್ತುವ ಕೆಲಸ ಮಾಡಿದರು. ಜೊತೆಗೆ ಕಾನೂನು ಓದಿ 1936ರಲ್ಲಿ ಡಾಕ್ಟರೇಟ್ ಪಡೆದರು. 1924ರಲ್ಲಿ 1.85 ಮೀಟರ್ ಎತ್ತರ ಜಿಗಿದು ಹೈಜಂಪ್‌ನಲ್ಲಿ ದೇಶಕ್ಕೇ ಮೊದಲಿಗರಾದರು. ರೈತರ ಪಕ್ಷದಿಂದ 1936ರಲ್ಲಿ ಸಂಸತ್ತಿಗೆ ಬಂದವರು ಅದೇ ವರ್ಷ ಕಾನೂನು ಮಂತ್ರಿಯೂ ಆದರು. 1940ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಶಾಂತಿ ಒಪ್ಪಂದ ಆದಾಗ ಅದನ್ನು ವಿರೋಧಿಸಿದ್ದರು.

ಇಂಥವರು ಮುಂದೆ ಮಾಸ್ಕೋ ಅತಿ ಹೆಚ್ಚು ನಂಬುವ ಫಿನ್ನಿಷ್ ರಾಜಕಾರಣಿಯಾದರು! ವಿಚಿತ್ರ ಅನ್ನಿಸಬಹುದು. ಆದರೆ ಎರಡನೇ ಮಹಾಯುದ್ಧ ಅವರ ಲೆಕ್ಕಾಚಾರವನ್ನು ಬದಲಿಸಿತು. ಫಿನ್‌ಲ್ಯಾಂಡ್ ಸೋತು ತನ್ನ ಪೂರ್ವದ ಕರೇಲಿಯಾ ಪ್ರದೇಶವನ್ನು ಸೋವಿಯತ್ ಒಕ್ಕೂಟಕ್ಕೆ ಕಳೆದುಕೊಂಡಿತು. ನಾಲ್ಕು ಲಕ್ಷದಷ್ಟು ಜನ ಮನೆಮಠ ಬಿಟ್ಟು ಬರಬೇಕಾಯಿತು. ಯುದ್ಧ ಮುಗಿಯುವ ಮೊದಲೇ, 1943ರ ಡಿಸೆಂಬರ್‌ನಲ್ಲಿ, ಕೆಕ್ಕೊನೆನ್ ಸ್ಟಾಕ್‌ಹೋಮ್‌ನಲ್ಲಿ ಭಾಷಣ ಮಾಡಿದರು. ಪಕ್ಕದ ದೊಡ್ಡ ದೇಶದ ಜೊತೆ ಹೊಂದಿಕೊಂಡು, ತಟಸ್ಥವಾಗಿ ಇರುವುದೇ ದಾರಿ ಎಂಬುದು ಅದರ ತಿರುಳು. 1948ರಲ್ಲಿ ಎರಡೂ ದೇಶಗಳು ಸ್ನೇಹ ಒಪ್ಪಂದ ಮಾಡಿಕೊಂಡವು. ಆಗಿನ ಅಧ್ಯಕ್ಷ ಪಾಸಿಕಿವಿ ಹಾಕಿದ ಈ ಹಾದಿಯನ್ನೇ ಕೆಕ್ಕೊನೆನ್ ಹಿಡಿದರು. 1950ರ ದಶಕದಲ್ಲಿ ಹಲವು ಬಾರಿ ಪ್ರಧಾನಿಯಾದರು.

1956ರಲ್ಲಿ ಗೆದ್ದಿದ್ದು ಕೂದಲೆಳೆಯಲ್ಲಿ. ಆಗ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ. ಜನ 300 ಪ್ರತಿನಿಧಿಗಳನ್ನು ಆರಿಸಿ ಕಳಿಸಬೇಕು, ಅವರು ಮತ ಹಾಕಬೇಕು. ಕೆಕ್ಕೊನೆನ್‌ಗೆ 151, ಸೋಶಿಯಲ್ ಡೆಮಾಕ್ರಾಟ್ ಪಕ್ಷದ ಫಾಗರ್‌ಹೋಮ್‌ಗೆ 149. ಒಬ್ಬ ಪ್ರತಿನಿಧಿ ಮನಸ್ಸು ಬದಲಿಸಿದ್ದರೂ ಸಮಬಲ ಆಗುತ್ತಿತ್ತು. ಅವರು ಅಧಿಕಾರ ವಹಿಸಿಕೊಂಡ ದಿನವೇ ದೇಶದಲ್ಲಿ ಸಾರ್ವತ್ರಿಕ ಮುಷ್ಕರ ಶುರುವಾಯಿತು. ಈ ಮನುಷ್ಯ ಕಾಲು ಶತಮಾನ ಇರುತ್ತಾರೆ ಅಂತ ಅವತ್ತು ಯಾರೂ ಪಣ ಕಟ್ಟುತ್ತಿರಲಿಲ್ಲ.

ಅಲ್ಲಿಂದ ಮುಂದೆ ಏನಾಯಿತು? 1919ರ ಸಂವಿಧಾನ ಅಧ್ಯಕ್ಷರಿಗೆ ಜಾಸ್ತಿಯೇ ಅಧಿಕಾರ ಕೊಟ್ಟಿತ್ತು. ವಿದೇಶಾಂಗ ವ್ಯವಹಾರ ಅವರದೇ. ಸರ್ಕಾರ ನೇಮಿಸುವುದು, ಸಂಸತ್ತು ವಿಸರ್ಜಿಸುವುದು ಕೂಡ ಅವರ ಕೈಯಲ್ಲಿ. ಒಂದು ಅವಧಿಗೆ ಆರು ವರ್ಷ. ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಹಿಂದಿನವರು ಈ ಅಧಿಕಾರವನ್ನು ನೋಡಿಕೊಂಡು ಬಳಸುತ್ತಿದ್ದರು. ಕೆಕ್ಕೊನೆನ್ ಪೂರ್ತಿ ಬಳಸಿದರು. ಯಾರ ಮೇಲಾದರೂ ಸಿಟ್ಟು ಬಂದರೆ ಖಾರವಾದ ಪತ್ರ ಬರೆಯುವುದು ಅವರ ಅಭ್ಯಾಸ. ಅಂಥ ಪತ್ರ ಬಂತೆಂದರೆ ರಾಜಕಾರಣಿಗಳು ಬೆವರುತ್ತಿದ್ದರು.

ಆದರೆ ಸಂವಿಧಾನದಷ್ಟೇ ಕೆಲಸ ಮಾಡಿದ್ದು ಮಾಸ್ಕೋದ ನಂಬಿಕೆ. 1958ರಲ್ಲಿ ಫಾಗರ್‌ಹೋಮ್ ಪ್ರಧಾನಿಯಾದರು. ಆ ಸರ್ಕಾರ ಸೋವಿಯತ್ ನಾಯಕರಿಗೆ ಹಿಡಿಸಲಿಲ್ಲ. ಅವರ ರಾಯಭಾರಿ ಹೆಲ್ಸಿಂಕಿ ಬಿಟ್ಟು ಹೋದರು, ಬೇರೊಬ್ಬರನ್ನು ಕಳಿಸಲಿಲ್ಲ. ವ್ಯಾಪಾರದ ಮಾತುಕತೆ ನಿಂತಿತು. ಡಿಸೆಂಬರ್‌ನಲ್ಲಿ ಸರ್ಕಾರ ರಾಜೀನಾಮೆ ಕೊಟ್ಟಿತು. ಮರುತಿಂಗಳು ಕೆಕ್ಕೊನೆನ್ ಲೆನಿನ್‌ಗ್ರಾಡ್‌ಗೆ ಹೋಗಿ ಸೋವಿಯತ್ ನಾಯಕ ಕ್ರುಶ್ಚೇವ್ ಜೊತೆ ಕೂತು ಮಾತಾಡಿದರು. ಎಲ್ಲ ಸರಿಹೋಯಿತು. ಯಾರು ಇದ್ದರೆ ಕೆಲಸ ಆಗುತ್ತದೆ ಎಂಬುದು ಇಡೀ ದೇಶಕ್ಕೆ ಗೊತ್ತಾಯಿತು.

ಇದಕ್ಕಿಂತ ದೊಡ್ಡ ಪಾಠ ಬಂದಿದ್ದು 1961ರಲ್ಲಿ. ಮುಂದಿನ ವರ್ಷದ ಚುನಾವಣೆಯಲ್ಲಿ ಕೆಕ್ಕೊನೆನ್‌ರನ್ನು ಸೋಲಿಸಲು ಎಡ, ಬಲ ಎರಡೂ ಕಡೆಯ ಪಕ್ಷಗಳು ಸೇರಿ ಓಲವಿ ಹೊಂಕ ಎಂಬ ಕಾನೂನು ಪಂಡಿತರನ್ನು ನಿಲ್ಲಿಸಿದ್ದವು. ಗೆಲ್ಲುವ ಸಾಧ್ಯತೆಯೂ ಇತ್ತು. ಕೆಕ್ಕೊನೆನ್ ಅಮೆರಿಕ ಪ್ರವಾಸದಲ್ಲಿದ್ದರು. ಕೆನಡಿಯವರನ್ನು ಭೇಟಿಯಾಗಿ ಹವಾಯಿಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಗ, ಅಕ್ಟೋಬರ್ 30ರಂದು, ಮಾಸ್ಕೋದಿಂದ ಒಂದು ಟಿಪ್ಪಣಿ ಬಂತು. ಪಶ್ಚಿಮ ಜರ್ಮನಿಯಿಂದ ಅಪಾಯ ಇದೆ, 1948ರ ಒಪ್ಪಂದದ ಪ್ರಕಾರ ಸೇನಾ ಸಮಾಲೋಚನೆ ಶುರು ಮಾಡೋಣ ಎಂದು ಅದರಲ್ಲಿತ್ತು. ಫಿನ್ನರಿಗೆ ಇದಕ್ಕಿಂತ ದಿಗಿಲು ಹುಟ್ಟಿಸುವ ಮಾತು ಇರಲಿಲ್ಲ. ಸೋವಿಯತ್ ಸೈನ್ಯ ಮತ್ತೆ ಗಡಿಯೊಳಗೆ ಬರುತ್ತದಾ ಅನ್ನುವ ಭಯ.

ಕೆಕ್ಕೊನೆನ್ ಗಾಬರಿ ತೋರಿಸಲಿಲ್ಲ. ಊರಿಗೆ ಮರಳಿ ಮೊದಲು ಸಂಸತ್ತು ವಿಸರ್ಜಿಸಿದರು. ಆಮೇಲೆ ಸೈಬೀರಿಯಾದ ನೊವೊಸಿಬಿರ್‌ಸ್ಕ್‌ಗೆ ಹೋಗಿ ನವೆಂಬರ್ 24ರಂದು ಕ್ರುಶ್ಚೇವ್‌ರನ್ನು ಕಂಡರು. ಸಮಾಲೋಚನೆ ಸದ್ಯಕ್ಕೆ ಬೇಡ ಎಂದು ಸೋವಿಯತ್ ಕಡೆ ಒಪ್ಪಿತು. ಅದೇ ದಿನ ಹೊಂಕ ಕಣದಿಂದ ಹಿಂದೆ ಸರಿದರು. 1962ರಲ್ಲಿ ಕೆಕ್ಕೊನೆನ್‌ಗೆ 199 ಮತ ಬಂತು. ಟಿಪ್ಪಣಿ ಬಂದಿದ್ದೇ ಅವರನ್ನು ಗೆಲ್ಲಿಸಲಿಕ್ಕಾ, ಅದು ಅವರಿಗೆ ಮೊದಲೇ ಗೊತ್ತಿತ್ತಾ? ಇತಿಹಾಸಕಾರರು ಇವತ್ತಿಗೂ ಜಗಳ ಆಡುವ ವಿಷಯ ಇದು. ಗೊತ್ತಿತ್ತೋ ಇಲ್ಲವೋ, ಲಾಭ ಪೂರ್ತಿ ಅವರಿಗೇ ಆಯಿತು.

ನನಗೆ ಇದಕ್ಕಿಂತ ಮುಜುಗರದ್ದು ಅನ್ನಿಸುವುದು 1973. ಅವರ ಅವಧಿ 1974ಕ್ಕೆ ಮುಗಿಯಬೇಕಿತ್ತು. ಪಶ್ಚಿಮ ಯುರೋಪಿನ ದೇಶಗಳ ಕೂಟವಾದ ಯುರೋಪಿನ ಆರ್ಥಿಕ ಸಮುದಾಯದ ಜೊತೆ ವ್ಯಾಪಾರ ಒಪ್ಪಂದ ಆಗಬೇಕಿದ್ದ ಸಮಯ. ಮಾಸ್ಕೋಗೆ ಸಮಾಧಾನ ಹೇಳಲು ಕೆಕ್ಕೊನೆನ್ ಇರಲೇಬೇಕು ಎಂದು ಪಕ್ಷಗಳು ತೀರ್ಮಾನಿಸಿದವು. ಚುನಾವಣೆಯನ್ನೇ ಬಿಟ್ಟು, ವಿಶೇಷ ಕಾನೂನಿನ ಮೂಲಕ ಅವಧಿಯನ್ನು ನಾಲ್ಕು ವರ್ಷ ಮುಂದಕ್ಕೆ ಎಳೆದರು. ಇದಕ್ಕೆ ಸಂಸತ್ತಿನಲ್ಲಿ ಆರರಲ್ಲಿ ಐದು ಪಾಲು ಮತ ಬೇಕಿತ್ತು. ಬಿದ್ದಿದ್ದು 170, ವಿರೋಧ ಕೇವಲ 28. ಎಲ್ಲ ತಪ್ಪನ್ನೂ ಕೆಕ್ಕೊನೆನ್ ತಲೆಗೆ ಕಟ್ಟುವವರು ಈ 170 ಜನರನ್ನು ಮರೆಯುತ್ತಾರೆ. 1978ರಲ್ಲಿ ಚುನಾವಣೆ ನಡೆಯಿತು ನಿಜ. ಆದರೆ ದೊಡ್ಡ ಪಕ್ಷಗಳೆಲ್ಲ ಅವರ ಹಿಂದೆಯೇ ನಿಂತಿದ್ದವು. 300ರಲ್ಲಿ 259 ಮತ! ಇದರ ಜೊತೆಗೆ ಪತ್ರಿಕೆಗಳಲ್ಲಿ ಸ್ವಯಂ ಸೆನ್ಸಾರ್ ಬೇರೆ. ಸೋವಿಯತ್ ಒಕ್ಕೂಟಕ್ಕೆ ಬೇಸರ ಆಗುವಂಥದ್ದನ್ನು ಬರೆಯಲು ಸಂಪಾದಕರೇ ಹಿಂಜರಿಯುತ್ತಿದ್ದರು.

ಹಾಗಂತ ಅವರು ದೇಶಕ್ಕೆ ಏನೂ ಮಾಡಲಿಲ್ಲ ಅನ್ನುವಂತಿಲ್ಲ. ಸೋವಿಯತ್ ಒಕ್ಕೂಟಕ್ಕೆ ಅಂಟಿಕೊಂಡ ಇಷ್ಟು ಉದ್ದದ ಗಡಿ ಇಟ್ಟುಕೊಂಡೂ ಫಿನ್‌ಲ್ಯಾಂಡ್ ಕಮ್ಯುನಿಸ್ಟ್ ದೇಶ ಆಗಲಿಲ್ಲ, ಸೋವಿಯತ್ ಬಣದ ಸೇನಾ ಕೂಟವಾದ ವಾರ್ಸಾ ಒಪ್ಪಂದಕ್ಕೆ ಸೇರಲಿಲ್ಲ, ಪಶ್ಚಿಮದ ಜೊತೆ ವ್ಯಾಪಾರ ಮಾಡಿತು. 1975ರ ಆಗಸ್ಟ್ 1ರಂದು ಹೆಲ್ಸಿಂಕಿಯಲ್ಲಿ 35 ದೇಶಗಳ ನಾಯಕರು ಯುರೋಪಿನ ಭದ್ರತೆ ಮತ್ತು ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು. ಸೋವಿಯತ್ ನಾಯಕ ಬ್ರೆಜ್ನೇವ್, ಅಮೆರಿಕದ ಅಧ್ಯಕ್ಷ ಫೋರ್ಡ್ ಇಬ್ಬರೂ ಒಂದೇ ಸಭಾಂಗಣದಲ್ಲಿ, ಆತಿಥ್ಯ ಕೆಕ್ಕೊನೆನ್ ಅವರದು. ಅದೇ ವರ್ಷದ 500 ಮಾರ್ಕಾ (ಆಗಿನ ಫಿನ್ನಿಷ್ ಹಣ) ನೋಟಿನ ಮೇಲೂ ಅವರದೇ ಚಿತ್ರ, ಬದುಕಿದ್ದಾಗಲೇ. ಇದು ಸ್ವಲ್ಪ ಅತಿಯಾಯಿತು ಅನ್ನಿಸುತ್ತೆ.

1981ರ ವಸಂತದಲ್ಲಿ ಮೊದಲ ಬಾರಿಗೆ ಒಬ್ಬರು ಎದುರು ನಿಂತರು. ಪ್ರಧಾನಿ ಮೌನೊ ಕೊಯಿವಿಸ್ಟೊ ಹುದ್ದೆ ಬಿಡಲಿ ಎಂಬ ಸೂಚನೆ ಅಧ್ಯಕ್ಷರಿಂದ ಬಂದಾಗ, ಸಂಸತ್ತಿನ ವಿಶ್ವಾಸ ಇರುವವರೆಗೆ ತಾನು ಇಳಿಯುವುದಿಲ್ಲ ಎಂದು ಅವರು ಹೇಳಿದರು. ಇಳಿಯಲೂ ಇಲ್ಲ. ಅಷ್ಟರಲ್ಲಿ ಕೆಕ್ಕೊನೆನ್ ಅವರ ಆರೋಗ್ಯ, ನೆನಪಿನ ಶಕ್ತಿ ಎರಡೂ ಕುಸಿದಿದ್ದವು. ಸೆಪ್ಟೆಂಬರ್‌ನಲ್ಲಿ ರಜೆ ಹಾಕಿದರು, ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. 1986ರ ಆಗಸ್ಟ್ 31ರಂದು ಹೆಲ್ಸಿಂಕಿಯ ತಮ್ಮಿನಿಯೆಮಿ ಮನೆಯಲ್ಲಿ ತೀರಿಕೊಂಡರು.

ಅವರ ನಂತರ ಅಧ್ಯಕ್ಷರಾದವರು ಅದೇ ಕೊಯಿವಿಸ್ಟೊ. ಅವರ ಕಾಲದಲ್ಲೇ ನಿಯಮ ಬದಲಾಯಿತು. ಒಬ್ಬರು ಸತತವಾಗಿ ಎರಡೇ ಅವಧಿ ಇರಬಹುದು ಎಂದಾಯಿತು. 1994ರಿಂದ ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುತ್ತಾರೆ. 2000ದ ಹೊಸ ಸಂವಿಧಾನ ಅಧ್ಯಕ್ಷರ ಅಧಿಕಾರವನ್ನು ಇನ್ನಷ್ಟು ಕಡಿಮೆ ಮಾಡಿ ಪ್ರಧಾನಿ, ಸಂಸತ್ತಿನ ಕೈಗೆ ಕೊಟ್ಟಿತು. ಇತ್ತೀಚಿನ ಸೌಲಿ ನೀನಿಸ್ಟೊ ಅವರನ್ನೇ ನೋಡಿ. ಜನರಿಗೆ ಅವರು ತುಂಬಾ ಇಷ್ಟ. ಆದರೂ 12 ವರ್ಷ ತುಂಬಿತು, 2024ರ ಮಾರ್ಚ್‌ನಲ್ಲಿ ಕುರ್ಚಿ ಬಿಟ್ಟು ಹೊರಟರು.