ಫೆಬ್ರವರಿ ಬಿಸಿಲು ಚುರುಕಾದ್ರೂ ಸೋಲಾರ್ ನೀರು ಯಾಕೆ ಮುಂಚಿನಷ್ಟೇ ಬಿಸಿ? – ಅಧ್ಯಯನ ಟಿಪ್ಪಣಿ

ಡಿಸೆಂಬರಲ್ಲಿ ಹಗಲು ಚಿಕ್ಕದು, ಸೂರ್ಯ ಕೆಳಗಡೆ ಓಡಾಡ್ತಾನೆ, ಆಗ ಸೋಲಾರ್ ಟ್ಯಾಂಕ್ ಸುಮಾರಾಗಿ ಕಾಯುತ್ತೆ ಅಂದ್ರೆ ಒಪ್ಕೋಬಹುದು. ಆದ್ರೆ ಫೆಬ್ರವರಿ ಮಧ್ಯಕ್ಕೆ ಬಂದ್ರೆ ಬಿಸಿಲಲ್ಲಿ ನಿಂತ್ರೆ ಬೆನ್ನು ಚುರುಗುಟ್ಟುತ್ತೆ, ಅಷ್ಟಾದ್ರೂ ಟ್ಯಾಂಕಿನ ಥರ್ಮಾಮೀಟರ್ ಎರಡು ತಿಂಗಳ ಹಿಂದೆ ತೋರಿಸಿದ್ದ ಜಾಗದಲ್ಲೇ ನಿಂತಿರುತ್ತೆ, ಸಾಲದ್ದಕ್ಕೆ ಸ್ನಾನದ ಬಿಸಿನೀರು ಇನ್ನೂ ಬೇಗ ಮುಗಿಯುತ್ತೆ. ನಾನು ಇದನ್ನ ಮೊದಲು ನೋಡಿದಾಗ ಕಲೆಕ್ಟರ್ (ಬಿಸಿಲು ಹೀರಿ ನೀರು ಕಾಯಿಸೋ ಫಲಕ) ಒಳಗೆ ಸುಣ್ಣ ಕಟ್ಕೊಂಡಿದೆ ಅಂತ ತೀರ್ಮಾನವೇ ಮಾಡಿಬಿಟ್ಟಿದ್ದೆ. ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಗೊತ್ತಾಯ್ತು, ಕೆಟ್ಟಿದ್ದು ಕಲೆಕ್ಟರ್ ಅಲ್ಲ, ನಾನು ನೋಡ್ತಿದ್ದ ಅಳತೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೀತೀನಿ. (ಭೂಮಧ್ಯರೇಖೆಯ ದಕ್ಷಿಣಕ್ಕೆ ಇರೋರು ಡಿಸೆಂಬರ್ ಅಂದ ಕಡೆ ಜೂನ್, ಫೆಬ್ರವರಿ ಅಂದ ಕಡೆ ಆಗಸ್ಟ್ ಅಂತ ಓದ್ಕೊಳ್ಳಿ.)

ಮೊದಲು ಒಂದೇ ಒಂದು ಅಂಕಿ ಬಾಯಿಪಾಠ ಆಗಲಿ. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.19 ಕಿಲೋಜೂಲ್ ಬೇಕು, ಒಂದು ಯೂನಿಟ್ ಅಂದ್ರೆ, ಅದೇ ಕರೆಂಟ್ ಬಿಲ್ಲಲ್ಲಿ ಬರೋ ಯೂನಿಟ್, 3600 ಕಿಲೋಜೂಲ್. ಹಾಗಾಗಿ 100 ಲೀಟರ್ ಒಂದು ಡಿಗ್ರಿ ಏರೋಕೆ 0.116 ಯೂನಿಟ್, 200 ಲೀಟರ್ ಟ್ಯಾಂಕಿಗೆ 0.233 ಯೂನಿಟ್. ಇಡೀ ಟಿಪ್ಪಣಿ ಈ 0.233 ಮೇಲೆ ನಿಂತಿದೆ.

ಈಗ ಸೂರ್ಯನ ಕಡೆ. ಸೂರ್ಯನ ಬಾಗು ಕೋನ, ಪುಸ್ತಕದಲ್ಲಿ ಡೆಕ್ಲಿನೇಷನ್ ಅಂತಾರಲ್ಲ (ಸೂರ್ಯ ಭೂಮಧ್ಯರೇಖೆಯ ನೇರದಿಂದ ಎಷ್ಟು ಸರಿದಿದ್ದಾನೆ ಅನ್ನೋದು, ಮೈನಸ್ ಅಂದ್ರೆ ದಕ್ಷಿಣಕ್ಕೆ), ಅದು ಡಿಸೆಂಬರ್ 21ರ ಸುಮಾರಿಗೆ ಮೈನಸ್ 23.45 ಡಿಗ್ರಿ, ಫೆಬ್ರವರಿ 15ಕ್ಕೆ ಸುಮಾರು ಮೈನಸ್ 13, ಮಾರ್ಚ್ 21ರ ಹೊತ್ತಿಗೆ ಸೊನ್ನೆ. ಮಧ್ಯಾಹ್ನ ಸೂರ್ಯ ಎಷ್ಟು ಎತ್ತರ ಅಂತ ಬೇಕಂದ್ರೆ 90ರಲ್ಲಿ ನಿಮ್ಮ ಅಕ್ಷಾಂಶ ಕಳೆದು ಈ ಕೋನ ಕೂಡಿಸಿ. 30 ಡಿಗ್ರಿ ಉತ್ತರ ಅಕ್ಷಾಂಶ ತಗೊಂಡ್ರೆ ಡಿಸೆಂಬರಲ್ಲಿ 36.5 ಡಿಗ್ರಿ ಎತ್ತರ, ಫೆಬ್ರವರಿ ಮಧ್ಯಕ್ಕೆ ಸುಮಾರು 47. ಹಗಲೂ 10 ಗಂಟೆ ಚಿಲ್ಲರೆಯಿಂದ 11 ಗಂಟೆ ಹತ್ರ ಬಂದಿರುತ್ತೆ. ನೆರಳಿನ ಲೆಕ್ಕ ಇದರ ಜೊತೆಗೇ ಬರುತ್ತೆ, ಡಿಸೆಂಬರ್ ಮಧ್ಯಾಹ್ನ ಒಂದು ಮೀಟರ್ ಗೋಡೆ 1.35 ಮೀಟರ್ ಉದ್ದ ನೆರಳು ಚೆಲ್ಲಿದ್ರೆ ಫೆಬ್ರವರಿಯಲ್ಲಿ 0.93 ಮೀಟರ್ ಅಷ್ಟೇ, ಅಂದ್ರೆ ಮುಂದಿನ ಗೋಡೆಯ ನೆರಳಲ್ಲಿ ಕಾಲು ನೆನೆಸಿಕೊಂಡು ಕೂತಿದ್ದ ಕಲೆಕ್ಟರ್ ತಾನಾಗೇ ಆಚೆ ಬಂದಿರುತ್ತೆ.

ಕಲೆಕ್ಟರ್ ಎಷ್ಟು ಓರೆ ಇಟ್ಟಿದ್ದಾರೆ ಅನ್ನೋದೂ ಮುಖ್ಯ. ಚಳಿಗಾಲಕ್ಕೆ ಅಕ್ಷಾಂಶದ ಮೇಲೆ 15 ಡಿಗ್ರಿ ಸೇರಿಸಿ ಅನ್ನೋದು ಹಳೇ ರೂಢಿ ಮಾತು. 30 ಡಿಗ್ರಿ ಅಕ್ಷಾಂಶದಲ್ಲಿ 45 ಡಿಗ್ರಿ ಓರೆ ಇಟ್ರೆ ಫೆಬ್ರವರಿ ಮಧ್ಯಾಹ್ನದ ಬಿಸಿಲು ಹೆಚ್ಚುಕಮ್ಮಿ ನೇರ ಮುಖಕ್ಕೇ ಬೀಳುತ್ತೆ. ಅದೇ ಯಾರೋ ಬರೀ 10 ಡಿಗ್ರಿ ಓರೆ ಇಟ್ಟು ಹೋಗಿದ್ರೆ ಡಿಸೆಂಬರ್ ಮಧ್ಯಾಹ್ನ ನೇರ ಬಿಸಿಲಿನ ಶೇ 73, ಫೆಬ್ರವರಿಯಲ್ಲಿ ಶೇ 84 ಮಾತ್ರ ಸಿಗುತ್ತೆ. ಚಪ್ಪಟೆಯಾಗಿ ಮಲಗಿಸಿದ ಕಲೆಕ್ಟರ್ ಬೇಸಿಗೆಯಲ್ಲಿ, ಅಂದ್ರೆ ಬಿಸಿನೀರು ಯಾರಿಗೂ ಬೇಡದ ಕಾಲದಲ್ಲಿ ಕುದಿಸುತ್ತೆ, ಬೇಕಾದಾಗ ಕೈ ಕೊಡುತ್ತೆ, ನನ್ನ ಪ್ರಕಾರ ಮನೆ ಸೋಲಾರಲ್ಲಿ ಆಗೋ ತಪ್ಪುಗಳಲ್ಲಿ ಇದೇ ದೊಡ್ಡದು.

ಸರಿ, ಸೂರ್ಯ ಏನೋ ವಾಪಸ್ ಬಂದ. ನೀರಿನ ಕಥೆ ಬೇರೆ.

ಗಾಳಿಯ ಚಳಿ ಅತಿ ಹೆಚ್ಚಾಗೋದು ಡಿಸೆಂಬರ್ 21ಕ್ಕಲ್ಲ, ಸಾಮಾನ್ಯವಾಗಿ ಮೂರು ನಾಲ್ಕು ವಾರ ತಡವಾಗಿ. ನೆಲದೊಳಗೆ ಇನ್ನೂ ತಡ. ಮೇಲಿನ ಚಳಿ ಮಣ್ಣಲ್ಲಿ ಒಂದು ಅಲೆ ತರ ನಿಧಾನವಾಗಿ ಕೆಳಗಿಳಿಯುತ್ತೆ, ಸಾಧಾರಣ ಮಣ್ಣಿಗೆ ಲೆಕ್ಕ ಹಾಕಿದ್ರೆ ಒಂದು ಮೀಟರ್ ಆಳ ತಲುಪೋಕೆ ಮೂರೂವರೆ ವಾರ ಹಿಡಿಯುತ್ತೆ. ಎರಡೂ ತಡ ಕೂಡಿಸಿ ನೋಡಿ, ಹೂತಿರೋ ಪೈಪಲ್ಲಿ ಬರೋ ನೀರು ವರ್ಷದಲ್ಲೇ ಅತಿ ತಣ್ಣಗಿರೋದು ಫೆಬ್ರವರಿಯಲ್ಲಿ, ಬಿಸಿಲು ಚುರುಕಾಗ್ತಿರೋ ಅದೇ ಹೊತ್ತಲ್ಲಿ! ಮೇಲೆ ಬಯಲಲ್ಲಿರೋ ತಣ್ಣೀರು ಟ್ಯಾಂಕಿಂದ ನೀರು ಬರೋ ಹಾಗಿದ್ರೆ ನೆಲದ ಲೆಕ್ಕ ಅಷ್ಟಾಗಿ ಬರಲ್ಲ, ಅದು ಹಿಂದಿನ ರಾತ್ರಿಯ ಚಳಿಯನ್ನ ಹೊತ್ಕೊಂಡು ಬರುತ್ತೆ.

ಈಗ ಎರಡನ್ನೂ ಒಟ್ಟಿಗೆ ಹಾಕೋಣ. ಲೆಕ್ಕಕ್ಕೆ ಅಂತ 200 ಲೀಟರ್ ಟ್ಯಾಂಕ್, 4 ಚದರ ಮೀಟರ್ ಕಲೆಕ್ಟರ್, ಬಿದ್ದ ಬಿಸಿಲಲ್ಲಿ ಅರ್ಧ ನೀರಿಗೆ ಸೇರುತ್ತೆ ಅಂತ ಇಟ್ಕೊಳ್ಳಿ. ಡಿಸೆಂಬರ್ ಶುರುವಲ್ಲಿ ಚದರ ಮೀಟರಿಗೆ ದಿನಕ್ಕೆ 4 ಯೂನಿಟ್ ಬಿಸಿಲು ಬಿತ್ತು, ನೀರಿಗೆ ಸೇರಿದ್ದು 8 ಯೂನಿಟ್, 0.233ರಿಂದ ಭಾಗಿಸಿ, 34 ಡಿಗ್ರಿ ಏರಿಕೆ. ಒಳಗೆ ಬಂದ ನೀರು 20 ಡಿಗ್ರಿ ಇತ್ತು, ಸಂಜೆಗೆ 54. ಫೆಬ್ರವರಿ ಮಧ್ಯದಲ್ಲಿ ಬಿಸಿಲು 5 ಯೂನಿಟ್, ನೀರಿಗೆ 10, ಏರಿಕೆ 43 ಡಿಗ್ರಿ. ಆದ್ರೆ ಒಳಗೆ ಬಂದ ನೀರು 12 ಡಿಗ್ರಿ, ಸಂಜೆಗೆ 55. ಮುಳ್ಳು ಒಂದೇ ಒಂದು ಡಿಗ್ರಿ ಮೇಲೆ ಹೋಯ್ತು, ಆದ್ರೆ ಕಲೆಕ್ಟರ್ ಕಾಲು ಪಾಲು ಹೆಚ್ಚು ಕೆಲಸ ಮಾಡಿದೆ. ಪಾಪ, ಅದನ್ನೇ ನಾವು ಬೈತಿರ್ತೀವಿ.

ಇಷ್ಟಕ್ಕೇ ಮುಗಿಯಲ್ಲ. ಸ್ನಾನಕ್ಕೆ ಯಾರೂ 55 ಡಿಗ್ರಿ ನೀರು ಸುರ್ಕೊಳ್ಳಲ್ಲ, ತಣ್ಣೀರು ಬೆರೆಸಿ 40ಕ್ಕೆ ತರ್ತೀವಿ. ಬೆರೆಸೋ ಸೂತ್ರ ಸುಲಭ: ಬೇಕಾದ ಬಿಸಿಯಿಂದ ತಣ್ಣೀರಿನ ಬಿಸಿ ಕಳೆಯಿರಿ, ಅದನ್ನ ಬಿಸಿನೀರು ಮತ್ತು ತಣ್ಣೀರಿನ ವ್ಯತ್ಯಾಸದಿಂದ ಭಾಗಿಸಿ, ಬಂದಿದ್ದೇ ಬಿಸಿನೀರಿನ ಪಾಲು. ಡಿಸೆಂಬರಲ್ಲಿ 20 ಭಾಗಿಸು 34, ಅಂದ್ರೆ 0.59, 200 ಲೀಟರ್ ಟ್ಯಾಂಕಿಂದ ಸುಮಾರು 340 ಲೀಟರ್ ಸ್ನಾನದ ನೀರು. ಫೆಬ್ರವರಿಯಲ್ಲಿ 28 ಭಾಗಿಸು 43, 0.65, ಬರೋದು 307 ಲೀಟರ್. ಟ್ಯಾಂಕ್ ಒಂದು ಡಿಗ್ರಿ ಹೆಚ್ಚೇ ಬಿಸಿ ಇದ್ರೂ ಎರಡು ಬಕೆಟ್ ಹತ್ರ ಕಮ್ಮಿ ಆಯ್ತು. ಇದು ಆದರ್ಶ ಲೆಕ್ಕ, ನಿಜವಾಗಿ ನೀವು ಬಿಸಿನೀರು ತೆಗೀತಿದ್ದ ಹಾಗೆ ಕೆಳಗಿಂದ ತಣ್ಣೀರು ನುಗ್ಗಿ ಸ್ವಲ್ಪ ಕಲಸುತ್ತೆ, ಹಾಗಾಗಿ ಎರಡೂ ಅಂಕಿ ಇನ್ನೂ ಕೆಳಗಿಳಿಯುತ್ತೆ. ಆದ್ರೆ ವ್ಯತ್ಯಾಸ ಯಾಕೆ ಅಂತ ತಿಳಿಯೋಕೆ ಇಷ್ಟು ಸಾಕು.

ಇನ್ನು ದಕ್ಷತೆ, ಅಂದ್ರೆ ಬಿದ್ದ ಬಿಸಿಲಲ್ಲಿ ಎಷ್ಟು ಪಾಲು ನೀರಿಗೆ ಸೇರುತ್ತೆ ಅನ್ನೋದು. ನಾನು ಮೇಲೆ ಅರ್ಧ ಅಂತ ಸುಮ್ನೆ ಹಾಕಿದ್ದೆ, ಅದು ದಿನವಿಡೀ ಒಂದೇ ಇರಲ್ಲ. ಹಾಟೆಲ್, ವಿಲಿಯರ್, ಬ್ಲಿಸ್ ಅನ್ನೋ ಮೂವರ ಹೆಸರಲ್ಲಿ ಬರೋ ಸಮೀಕರಣವನ್ನ ಬಿಡಿಸಿ ಹೇಳಿದ್ರೆ ಹೀಗೆ: ದಕ್ಷತೆ = ಮೂಲ ದಕ್ಷತೆ − ನಷ್ಟದ ಅಂಕಿ × (ಕಲೆಕ್ಟರಿನ ಬಿಸಿ − ಗಾಳಿಯ ಬಿಸಿ) ÷ ಬಿಸಿಲಿನ ತೀವ್ರತೆ. ಕಲೆಕ್ಟರ್ ಪರೀಕ್ಷೆಯ ವರದಿಗಳಲ್ಲಿ ಬಿಸಿಯ ವ್ಯತ್ಯಾಸದ ವರ್ಗ (ಸ್ಕ್ವೇರ್) ಇರೋ ಪದ ಇನ್ನೊಂದು ಬರುತ್ತೆ, ಚಿಕ್ಕದು, ಇಲ್ಲಿ ಬಿಟ್ಟಿದ್ದೀನಿ. ಮಾದರಿಗೆ ಫ್ಲಾಟ್ ಪ್ಲೇಟಿಗೆ (ಗಾಜಿನ ಕೆಳಗೆ ಕಪ್ಪು ತಗಡಿರೋ ಚಪ್ಪಟೆ ಪೆಟ್ಟಿಗೆ) ಮೂಲ ದಕ್ಷತೆ 0.78, ನಷ್ಟದ ಅಂಕಿ 3.8, ವ್ಯಾಕ್ಯೂಮ್ ಟ್ಯೂಬಿಗೆ (ಎರಡು ಪದರದ ಗಾಜಿನ ಕೊಳವೆ, ನಡುವೆ ಗಾಳಿ ಇರಲ್ಲ) 0.65 ಮತ್ತು 1.3 ಅಂತ ತಗೊಳ್ಳಿ. ಕಲೆಕ್ಟರ್ 40 ಡಿಗ್ರಿ, ಗಾಳಿ 10 ಡಿಗ್ರಿ. ಚದರ ಮೀಟರಿಗೆ 900 ವ್ಯಾಟ್ ಬಿಸಿಲಿದ್ರೆ ಫ್ಲಾಟ್ ಪ್ಲೇಟ್ ಶೇ 65, ಟ್ಯೂಬ್ ಶೇ 61. 600 ವ್ಯಾಟಲ್ಲಿ ಎರಡೂ ಸಮಸಮ, 59ರ ಆಸುಪಾಸು. ಮಬ್ಬು ಬಿಸಿಲು, 250 ವ್ಯಾಟ್ ಅಂದ್ರೆ ಫ್ಲಾಟ್ ಪ್ಲೇಟ್ 32ಕ್ಕೆ ಬೀಳುತ್ತೆ, ಟ್ಯೂಬ್ 49ರಲ್ಲಿ ನಿಲ್ಲುತ್ತೆ. ಹಾಗಾಗಿ "ಟ್ಯೂಬೇ ಯಾವಾಗಲೂ ಮೇಲು" ಅನ್ನೋದು ಪೂರ್ತಿ ನಿಜ ಅಲ್ಲ, ಮೋಡ ಮತ್ತು ಚಳಿ ಎರಡೂ ಇರೋ ದಿನ ಅದು ಗೆಲ್ಲುತ್ತೆ, ಫೆಬ್ರವರಿಯ ನಿರ್ಮಲ ಆಕಾಶದ ಮಧ್ಯಾಹ್ನ ಫ್ಲಾಟ್ ಪ್ಲೇಟ್ ಏನೂ ಕಮ್ಮಿ ಇಲ್ಲ. ಹಿಮ ಬೀಳೋ ಕಡೆ ಇನ್ನೊಂದು ತಮಾಷೆ ಇದೆ, ಟ್ಯೂಬಿನ ಹೊರಗಾಜಿಗೆ ಒಳಗಿನ ಬಿಸಿ ತಲುಪೋದು ತೀರಾ ಕಮ್ಮಿ, ಹಾಗಾಗಿ ಅದರ ಮೇಲೆ ಕೂತ ಹಿಮ ಬೇಗ ಕರಗಲ್ಲ. ಫ್ಲಾಟ್ ಪ್ಲೇಟ್ ಶಾಖ ಸೋರಿಸಿಕೊಳ್ಳುತ್ತೆ, ಆ ಸೋರಿಕೆಯಿಂದಲೇ ಹಿಮ ಜಾರಿ ಬೀಳುತ್ತೆ.

ಇದೇ ಸಮೀಕರಣ ತಣ್ಣೀರಿನ ಪರವಾಗಿಯೂ ಒಂದು ಮಾತು ಹೇಳುತ್ತೆ, ಇದನ್ನ ತುಂಬಾ ಜನ ಗಮನಿಸಲ್ಲ. 600 ವ್ಯಾಟ್ ಬಿಸಿಲು, 10 ಡಿಗ್ರಿ ಗಾಳಿ ಇದ್ದಾಗ ಫ್ಲಾಟ್ ಪ್ಲೇಟ್ 20 ಡಿಗ್ರಿಯಲ್ಲಿ ಓಡ್ತಿದ್ರೆ ದಕ್ಷತೆ ಶೇ 72, 50 ಡಿಗ್ರಿಯಲ್ಲಿ ಓಡ್ತಿದ್ರೆ ಶೇ 53. ತಣ್ಣಗಿನ ನೀರು ಕಲೆಕ್ಟರಿಗೆ ಹೋದಷ್ಟೂ ಅದು ಬಿಸಿಲನ್ನ ಚೆನ್ನಾಗಿ ಹೀರುತ್ತೆ. ಇದಕ್ಕೇ ಬೆಳಿಗ್ಗೆ ಎದ್ದು ಕರೆಂಟ್ ಕಾಯಿಲ್ ಹಾಕಿ, ಸ್ನಾನ ಮುಗಿದ ಮೇಲೂ ಅದನ್ನ ಹಾಗೇ ಬಿಟ್ಟು ಇಡೀ ಟ್ಯಾಂಕ್ ಕಾಯಿಸೋದು ದಡ್ಡತನ, ಸೂರ್ಯ ಬರೋ ಹೊತ್ತಿಗೆ ಅವನಿಗೆ ಮಾಡೋಕೆ ಕೆಲಸವೇ ಉಳಿದಿರಲ್ಲ, ಇರೋ ಕೆಲಸವನ್ನೂ ಕಮ್ಮಿ ದಕ್ಷತೆಯಲ್ಲಿ ಮಾಡ್ತಾನೆ. ಕಾಯಿಲ್ ಬೇಕೇ ಬೇಕು ಅಂದ್ರೆ ಸೂರ್ಯ ಮುಳುಗಿದ ಮೇಲೆ, ಎಷ್ಟು ಕೊರತೆ ಆಗಿದೆ ಅಂತ ನೋಡಿ, ಅಷ್ಟಕ್ಕೆ ಮಾತ್ರ ಹಾಕಿ. ಕಾಯಿಲ್ ಟ್ಯಾಂಕಿನ ಮೇಲ್ಭಾಗದಲ್ಲಿದ್ರೆ ಇನ್ನೂ ಒಳ್ಳೇದು, ಬಿಸಿನೀರು ಮೇಲೇ ನಿಲ್ಲೋದ್ರಿಂದ ಕೆಳಗಿನ ತಣ್ಣೀರು ಸೂರ್ಯನಿಗೇ ಮೀಸಲಾಗಿರುತ್ತೆ. ಆದ್ರೆ ಉಳಿತಾಯ ಅಂತ ಟ್ಯಾಂಕನ್ನ ವಾರಗಟ್ಟಲೆ ಉಗುರು ಬೆಚ್ಚಗೆ ಇಡಬೇಡಿ, 20ರಿಂದ 45 ಡಿಗ್ರಿ ನಡುವೆ ನ್ಯುಮೋನಿಯಾ ತರೋ ಲೀಜನೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತೆ, ಮೋಡದ ವಾರಗಳಲ್ಲಿ ಆಗಾಗ ಟ್ಯಾಂಕನ್ನ ಪೂರ್ತಿ 60 ಡಿಗ್ರಿಗೆ ಏರಿಸಬೇಕು, ಆವತ್ತು ಮಾತ್ರ ಕೆಳಗಿನ ನೀರೂ ಕಾಯಲೇಬೇಕು.

ಪಂಪ್ ಇಲ್ಲದೆ ತಾನಾಗೇ ಹರಿಯೋ ವ್ಯವಸ್ಥೆ ಇದ್ದೋರು ಇನ್ನೊಂದು ನೋಡಿರ್ತೀರಿ, ಚಳಿಯ ಬೆಳಿಗ್ಗೆ ಬಿಸಿಲು ಬಿದ್ದು ಸುಮಾರು ಹೊತ್ತಾದ್ರೂ ಟ್ಯಾಂಕಿನ ಮುಳ್ಳು ಅಲುಗಾಡಲ್ಲ. ಕಾರಣ ನೀರಿನ ಗುಣದಲ್ಲೇ ಇದೆ. ಬಿಸಿ ಆದ ನೀರು ಹಗುರಾಗಿ ಮೇಲೆ ಹೋಗೋದ್ರಿಂದ ಹರಿವು ಶುರು ಆಗೋದು, ಆದ್ರೆ 10ರಿಂದ 20 ಡಿಗ್ರಿಗೆ ಏರಿದ್ರೆ ಒಂದು ಘನ ಮೀಟರ್ ನೀರಿನ ತೂಕ ಇಳಿಯೋದು ಬರೀ 1.5 ಕಿಲೋ, 40ರಿಂದ 50ಕ್ಕೆ ಏರಿದ್ರೆ 4 ಕಿಲೋ ಮೇಲೆ. ತಳ್ಳೋ ಬಲ ಮೂರನೇ ಒಂದು ಭಾಗ ಚಿಲ್ಲರೆ ಅಷ್ಟೇ. ಅದರ ಮೇಲೆ 10 ಡಿಗ್ರಿ ನೀರಿನ ಸ್ನಿಗ್ಧತೆ 40 ಡಿಗ್ರಿ ನೀರಿನ ಎರಡರಷ್ಟು, ಅಂದ್ರೆ ನೀರೇ ದಪ್ಪಗಾಗಿ ಪೈಪಲ್ಲಿ ಕಷ್ಟಪಟ್ಟು ಹರಿಯುತ್ತೆ. ತಳ್ಳೋದು ಕಮ್ಮಿ, ತಡೆಯೋದು ಜಾಸ್ತಿ, ಹಾಗಾಗಿ ನಿಧಾನ. ಒಂದು ಸಲ ಬೆಚ್ಚಗಾದ ಮೇಲೆ ವೇಗ ತಾನಾಗೇ ಬರುತ್ತೆ.

ರಾತ್ರಿ ನಷ್ಟದ ಬಗ್ಗೆ ಚಿಕ್ಕದಾಗಿ. ಟ್ಯಾಂಕಿನ ಹೊದಿಕೆ ಡಿಗ್ರಿಗೆ 2 ವ್ಯಾಟ್ ಸೋರಿಸುತ್ತೆ ಅಂತಿಟ್ರೆ, 50 ಡಿಗ್ರಿಯ 200 ಲೀಟರ್ ಟ್ಯಾಂಕ್ 5 ಡಿಗ್ರಿ ಚಳಿಯಲ್ಲಿ 14 ಗಂಟೆಗೆ ಸುಮಾರು 5 ಡಿಗ್ರಿ ಕಳ್ಕೊಳ್ಳುತ್ತೆ. ಅದಕ್ಕಿಂತ ತುಂಬಾ ಜಾಸ್ತಿ, 12–15 ಡಿಗ್ರಿ ಇಳೀತಿದ್ರೆ ಹೊದಿಕೆ ನೆನೆದಿದೆ ಅಥವಾ ರಾತ್ರಿ ಹರಿವು ಉಲ್ಟಾ ಆಗಿ ಟ್ಯಾಂಕಿನ ಬಿಸಿ ಕಲೆಕ್ಟರಿಗೆ ಹೋಗಿ ಆರ್ತಿದೆ. ಪಂಪ್ ಇಲ್ಲದ ಫ್ಲಾಟ್ ಪ್ಲೇಟ್ ವ್ಯವಸ್ಥೆಯಲ್ಲಿ ಟ್ಯಾಂಕಿನ ತಳ ಕಲೆಕ್ಟರಿನ ತಲೆಗಿಂತ ಒಂದಡಿ ಆದ್ರೂ ಮೇಲಿರಬೇಕು ಅಂತ ಹೇಳೋದು ಇದಕ್ಕೇ. ಸಂಜೆ ಸ್ನಾನ ಮಾಡೋರಿಗೆ ಇಲ್ಲಿ ಎರಡು ಲಾಭ, ರಾತ್ರಿ ಸೋರೋಕೆ ಬಿಸಿ ಉಳಿದಿರಲ್ಲ, ಬೆಳಿಗ್ಗೆ ಕಲೆಕ್ಟರಿಗೆ ತಣ್ಣೀರು ಸಿಗುತ್ತೆ. ಫ್ಲಾಟ್ ಪ್ಲೇಟ್ ಇರೋರು ನಿರ್ಮಲ ಆಕಾಶದ ರಾತ್ರಿ ಹುಷಾರು, ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ರೂ ಕಲೆಕ್ಟರ್ ಆಕಾಶಕ್ಕೆ ಶಾಖ ಚೆಲ್ಲಿ ತಾನು ಸೊನ್ನೆ ಕೆಳಗೆ ಹೋಗಬಹುದು, ನೀರು ಹೆಪ್ಪುಗಟ್ಟಿದ್ರೆ ಶೇ 9ರಷ್ಟು ಹಿಗ್ಗುತ್ತೆ, ಪೈಪ್ ಸೀಳೋಕೆ ಅದು ಧಾರಾಳ.

ನಲ್ಲಿ ತಿರುಗಿಸಿದ ಕೂಡ್ಲೇ ಬರೋ ತಣ್ಣೀರು ನೋಡಿ ಟ್ಯಾಂಕ್ ಬೈಬೇಡಿ. ಒಳವ್ಯಾಸ 15 ಮಿಲಿಮೀಟರ್ ಇರೋ ಪೈಪ್ 20 ಮೀಟರಿಗೆ ಮೂರೂವರೆ ಲೀಟರ್ ಹಿಡಿಯುತ್ತೆ, ರಾತ್ರಿ ಪೂರ್ತಿ ಪೈಪಲ್ಲಿ ನಿಂತಿದ್ದ ಆ ನೀರೇ ಮೊದಲು ಬರೋದು.

ಹಾಗಾದ್ರೆ ಅಳೆಯೋದು ಹೇಗೆ? ಒಂದು ನಿರ್ಮಲ ದಿನ ಆರಿಸ್ಕೊಳ್ಳಿ, ಹಿಂದಿನ ಸಂಜೆಯೇ ಬಿಸಿನೀರು ಪೂರ್ತಿ ಬಳಸಿ ಖಾಲಿ ಮಾಡಿ, ಕಾಯಿಲ್ ಆಫ್. ಬೆಳಿಗ್ಗೆ ಬಿಸಿಲು ಬೀಳೋ ಮುಂಚೆ ಬಿಸಿನೀರಿನ ನಲ್ಲಿ ಬಿಟ್ಟು, ಪೈಪಿನ ನೀರು ಹೋದ ಮೇಲೆ ಬಕೆಟಲ್ಲಿ ಥರ್ಮಾಮೀಟರ್ ಇಟ್ಟು ಬರ್ಕೊಳ್ಳಿ. ಹಗಲು ನೀರು ಮುಟ್ಟಬೇಡಿ. ಬಿಸಿಲು ಹೋದ ಮೇಲೆ ಮತ್ತೆ ಅಳೆಯಿರಿ, ಈ ಸಲ ಒಂದೇ ಬಕೆಟ್ ಸಾಲದು, ಟ್ಯಾಂಕಲ್ಲಿ ಮೇಲೆ ಬಿಸಿ ಕೆಳಗೆ ತಣ್ಣಗೆ ಪದರ ಇರುತ್ತೆ, ಸ್ನಾನ ಮಾಡ್ತಾ ಮಾಡ್ತಾ ಬಕೆಟ್ ಬಕೆಟಿಗೂ ಬರ್ಕೊಂಡು ಸರಾಸರಿ ತೆಗೀರಿ. ಏರಿಕೆಯನ್ನ 0.233ರಿಂದ ಗುಣಿಸಿ (ಟ್ಯಾಂಕ್ ಬೇರೆ ಅಳತೆ ಆದ್ರೆ ನೂರು ಲೀಟರಿಗೆ 0.116), ಕಲೆಕ್ಟರಿನ ಚದರ ಮೀಟರಿಂದ ಭಾಗಿಸಿ. ಬಂದ ಅಂಕಿ ಡಿಸೆಂಬರಿಗಿಂತ ಫೆಬ್ರವರಿಯಲ್ಲಿ ಜಾಸ್ತಿ ಇದ್ರೆ, ಥರ್ಮಾಮೀಟರ್ ಏನೇ ಹೇಳಲಿ, ನಿಮ್ಮ ಸೋಲಾರ್ ಸರಿಯಾಗಿದೆ. ನಿರ್ಮಲ ದಿನದಲ್ಲೂ, ಒಳಗೆ ತಣ್ಣೀರು ಬರ್ತಿದ್ರೂ ಅಂಕಿ ಕೆಳಗಿಳಿದಿದ್ರೆ ಆಗ ಮಾತ್ರ ಗಾಜಿನ ಧೂಳು, ಆಮೇಲೆ ಸುಣ್ಣ ಅಂತ ಹುಡುಕೋಕೆ ಹೊರಡಿ. ವ್ಯಾಕ್ಯೂಮ್ ಟ್ಯೂಬ್ ಇದ್ರೆ ಎಲ್ಲಕ್ಕಿಂತ ಮೊದಲು ಪ್ರತಿ ಟ್ಯೂಬಿನ ತುದಿ ನೋಡಿ, ಅಲ್ಲಿ ಬೆಳ್ಳಿ ಬಣ್ಣದ ಲೇಪ ಹೊಳೀತಿರಬೇಕು, ಅದು ಹಾಲಿನ ಹಾಗೆ ಬೆಳ್ಳಗಾಗಿದ್ರೆ ಒಳಗೆ ಗಾಳಿ ನುಗ್ಗಿದೆ, ಆ ಟ್ಯೂಬ್ ಬದಲಿಸಬೇಕು.