ಡಿಮ್ ಸಮ್ ಹೋಟೆಲ್‌ನಲ್ಲಿ ‘ಮಾಂಸ ಬೇಡ’ ಅಂದರೆ ಸಾಕಾ?

ಓದುಗರ ಪ್ರಶ್ನೆ: ಮುಂದಿನ ತಿಂಗಳು ಹಾಂಗ್ ಕಾಂಗ್‌ಗೆ ಹೋಗುತ್ತಿದ್ದೇವೆ. ನಮ್ಮ ಯಜಮಾನರ ಆಫೀಸಿನವರು ಭಾನುವಾರ ಬೆಳಿಗ್ಗೆ ಡಿಮ್ ಸಮ್, ಅಂದರೆ ಟೀ ಜೊತೆ ಕೊಡುವ ಸಣ್ಣ ಸಣ್ಣ ತಿಂಡಿಗಳನ್ನು, ತಿನ್ನಲು ಕರೆದಿದ್ದಾರೆ. ಹೋಟೆಲ್ ತುಂಬಾ ರಶ್ ಇರುತ್ತದಂತೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ‘ನೋ ಮೀಟ್’ ಅಂತ ಹೇಳಿ, ತರಕಾರಿಯದ್ದು ನೋಡಿ ಆರಿಸಿಕೊಂಡರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ.

ರಜೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಬದಲಾಗುತ್ತಾರೆ, ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ. ಸಾಕಾಗುವುದಿಲ್ಲ ಅಂದರೆ ‘ನಮ್ಮ ಭಾವ ಹೋಗಿದ್ದರು, ಮೂಲಂಗಿಯದ್ದೇನೋ ತಿಂದರು, ಚೆನ್ನಾಗಿತ್ತಂತೆ’ ಅನ್ನುತ್ತಾರೆ. ಆ ಮೂಲಂಗಿಯದ್ದೇ ಇಲ್ಲಿ ದೊಡ್ಡ ಸಮಸ್ಯೆ. ಅದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸುಸ್ತಾಗಿದೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ರಶ್ ವಿಷಯ ಮೊದಲು ಮುಗಿಸೋಣ, ಅದು ಸುಲಭ. ಬಾಗಿಲಲ್ಲಿ ಎಷ್ಟು ಜನ ಅಂತ ಹೇಳಿದರೆ ನಂಬರ್ ಚೀಟಿ ಕೊಡುತ್ತಾರೆ. ಕೂಗುವುದು ಅಲ್ಲಿನ ಭಾಷೆ ಕ್ಯಾಂಟನೀಸ್‌ನಲ್ಲಾದ್ದರಿಂದ ಬೋರ್ಡ್ ಇದ್ದರೆ ಅದರ ಮೇಲೆ ಕಣ್ಣಿಡಿ. ಇಬ್ಬರೇ ಹೋದರೆ ಗುರುತಿಲ್ಲದವರ ಜೊತೆ ಒಂದೇ ಮೇಜಿನಲ್ಲಿ ಕೂರಿಸಬಹುದು. ಅಲ್ಲಿ ಅದು ಮಾಮೂಲು, ಸಂಕೋಚ ಬೇಡ. ವೆಲ್ಲಿಂಗ್ಟನ್ ಸ್ಟ್ರೀಟ್‌ನ ಹಳೇ ಲಿನ್ ಹ್ಯೂಂಗ್ ಟೀ ಹೌಸ್‌ನಲ್ಲಂತೂ ತಿಂದು ಮುಗಿಸುತ್ತಿರುವವರ ಕುರ್ಚಿಯ ಹಿಂದೆ ನಿಂತೇ ಜಾಗ ಹಿಡಿಯಬೇಕಿತ್ತು. ಕೂತ ಕೂಡಲೇ ಯಾವ ಟೀ ಅಂತ ಕೇಳುತ್ತಾರೆ. ತಲೆಗಿಷ್ಟು ಅಂತ ಟೀ ದುಡ್ಡು ಬಿಲ್ಲಿಗೆ ಸೇರುತ್ತದೆ, ನೀವು ಏನೂ ತಿನ್ನದಿದ್ದರೂ ಅಷ್ಟೇ. ಹಾಲಿಲ್ಲದ, ಸಕ್ಕರೆಯಿಲ್ಲದ ಟೀ. ಮಲ್ಲಿಗೆ ಟೀ ಹೇಳಿ, ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ. ಕೆಟಲ್‌ನಲ್ಲಿ ಬಿಸಿನೀರು ಮುಗಿದರೆ ಅದರ ಮುಚ್ಚಳವನ್ನು ಅರ್ಧ ಸರಿಸಿ ಇಡಿ, ತಾವಾಗಿಯೇ ಬಂದು ತುಂಬಿಸುತ್ತಾರೆ.

ಇನ್ನೊಂದು ಮಾತು. ತಳ್ಳುಗಾಡಿಯಲ್ಲಿ ಬಿದಿರಿನ ಬುಟ್ಟಿಗಳನ್ನು ಪೇರಿಸಿಕೊಂಡು ಬರುವ ಹೋಟೆಲ್‌ಗಳು ಈಗ ಕಡಿಮೆ. ಸೆಂಟ್ರಲ್ ಪ್ರದೇಶದ ಸಿಟಿ ಹಾಲ್‌ನಲ್ಲಿರುವ ಮ್ಯಾಕ್ಸಿಮ್ಸ್ ಪ್ಯಾಲೇಸ್ ಅದಕ್ಕೆ ಹೆಸರಾದ ಜಾಗ. ಗಾಡಿ ಇರುವ ಕಡೆಯೇ ಹೋಗಬೇಕು ಅಂತ ಎಲ್ಲರಿಗೂ ಆಸೆ. ಸಸ್ಯಾಹಾರಿಗಳಿಗೆ ನಾನು ಹೇಳುವುದು ಅದರ ಉಲ್ಟಾ. ಗಾಡಿ ತಳ್ಳುವವರು ಮುಚ್ಚಳ ತೆಗೆದು ತೋರಿಸಿ, ಬೇಕಾ ಬೇಡವಾ ಅಂತ ಕೇಳಿ ಮುಂದಿನ ಮೇಜಿಗೆ ಹೋಗಿಬಿಡುತ್ತಾರೆ. ಒಳಗೇನಿದೆ ಅಂತ ವಿಚಾರಿಸಲು ಸಮಯವೇ ಸಿಗುವುದಿಲ್ಲ. ತಿಂಡಿಗಳ ಹೆಸರು ಅಚ್ಚಾದ ಹಾಳೆಯಲ್ಲಿ ಟಿಕ್ ಹಾಕಿ ಕೊಡುವ ಹೋಟೆಲ್ ನಿಮಗೆ ವಾಸಿ. ಕೂತು, ಓದಿ, ಕೇಳಿ, ಯೋಚಿಸಿ ಟಿಕ್ ಹಾಕಬಹುದು.

ಈಗ ‘ನೋ ಮೀಟ್’ ವಿಷಯಕ್ಕೆ ಬರೋಣ.

ಕ್ಯಾಂಟನೀಸ್ ಅಡುಗೆಮನೆಯಲ್ಲಿ ಮಾಂಸ ಅಂದರೆ ಮೊದಲು ನೆನಪಾಗುವುದು ಹಂದಿ ಮಾಂಸದ ತುಂಡು. ನೀವು ಮಾಂಸ ಬೇಡ ಅಂದಾಗ ಸರ್ವರ್ ಆ ತುಂಡು ಇಲ್ಲದ ತಿಂಡಿಗಳನ್ನು ಯೋಚಿಸುತ್ತಾರೆ. ಒಣ ಸೀಗಡಿ ಅವರ ಲೆಕ್ಕದಲ್ಲಿ ಮಾಂಸ ಅಲ್ಲ. ಆಯ್ಸ್ಟರ್ ಎಂಬ ಚಿಪ್ಪಿನ ಜೀವಿಯಿಂದ ಮಾಡುವ ಆಯ್ಸ್ಟರ್ ಸಾಸ್ ಮಾಂಸ ಅಲ್ಲ. ಮೂಳೆ ಬೇಯಿಸಿದ ಸಾರು ಮಾಂಸ ಅಲ್ಲ. ಹಂದಿ ಕೊಬ್ಬಂತೂ ಬರೀ ಎಣ್ಣೆ ಇದ್ದ ಹಾಗೆ. ಅವರು ನಿಮಗೆ ಮೋಸ ಮಾಡುತ್ತಿಲ್ಲ. ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿಯೇ ಉತ್ತರ ಕೊಡುತ್ತಿದ್ದಾರೆ. ದಯವಿಟ್ಟು ಇದನ್ನು ಅರ್ಥ ಮಾಡಿಕೊಳ್ಳಿ. ಯಾಕೆಂದರೆ ಆಮೇಲೆ ಗೊತ್ತಾದಾಗ ‘ಸುಳ್ಳು ಹೇಳಿ ತಿನ್ನಿಸಿದರು’ ಅಂತ ಅವರ ಮೇಲೆ ಸಿಟ್ಟು ಮಾಡಿಕೊಂಡವರನ್ನು ನೋಡಿದ್ದೇನೆ. ಅದು ನ್ಯಾಯವಲ್ಲ.

ಇದರ ಹಿಂದೆ ಒಂದು ಅಡುಗೆ ಪದ್ಧತಿ ಇದೆ. ಆ ಅಡುಗೆಯಲ್ಲಿ ಸೀಗಡಿ, ಒಣಗಿಸಿದ ಹಂದಿ ಸಾಸೇಜ್, ಒಣ ಸ್ಕ್ಯಾಲಪ್ (ಒಂದು ಬಗೆಯ ಚಿಪ್ಪುಮೀನು) ಇವೆಲ್ಲ ತುಂಬಾ ಸಲ ಮುಖ್ಯ ಪದಾರ್ಥವೇ ಅಲ್ಲ. ಸ್ವಲ್ಪವೇ ಹಾಕುತ್ತಾರೆ, ರುಚಿಗೆ ಅಂತ. ನಾವು ಸಾರಿಗೆ ಒಗ್ಗರಣೆ ಹಾಕಿದ ಹಾಗೆ. ಸಾರಿನಲ್ಲಿ ಏನಿದೆ ಅಂತ ಕೇಳಿದರೆ ಬೇಳೆ, ಟೊಮೆಟೊ ಅಂತೀವಿ, ಸಾಸಿವೆ ಇದೆ ಅಂತ ಯಾರು ಹೇಳುತ್ತಾರೆ? ಹಾಗಾಗಿ ತಿಂಡಿಯ ಹೆಸರಲ್ಲಿ ತರಕಾರಿ ಇದೆ ಅಂದ ಮಾತ್ರಕ್ಕೆ ಅದು ಸಸ್ಯಾಹಾರ ಅಂತ ತಿಳಿಯಬೇಡಿ.

ಭಾವ ತಿಂದ ಮೂಲಂಗಿಯದ್ದನ್ನೇ ನೋಡಿ. ಅದರ ಹೆಸರು ಲೋ ಬಾಕ್ ಗೊ. ಇಂಗ್ಲಿಷ್ ಮೆನುವಿನಲ್ಲಿ ಟರ್ನಿಪ್ ಕೇಕ್ ಅಂತಲೋ ರ‍್ಯಾಡಿಶ್ ಕೇಕ್ ಅಂತಲೋ ಇರುತ್ತದೆ. ಬಿಳಿ ಮೂಲಂಗಿ ತುರಿದು, ಅಕ್ಕಿ ಹಿಟ್ಟಿನ ಜೊತೆ ಕಲಸಿ, ತಟ್ಟೆಯಲ್ಲಿ ಹಬೆಗಿಟ್ಟು, ಆರಿದ ಮೇಲೆ ಬಿಲ್ಲೆ ಕತ್ತರಿಸಿ ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಸುಡುತ್ತಾರೆ. ಇಷ್ಟು ಕೇಳಿದರೆ ನಮ್ಮವರಿಗೆ ಬಾಯಲ್ಲಿ ನೀರೂರುತ್ತದೆ. ಆದರೆ ಆ ಹಿಟ್ಟು ಕಲಸುವಾಗಲೇ ಸಣ್ಣಗೆ ಹೆಚ್ಚಿದ ಹಂದಿ ಸಾಸೇಜ್ ಮತ್ತು ನೆನೆಸಿದ ಒಣ ಸೀಗಡಿ ಸೇರಿರುತ್ತವೆ. ಬಿಲ್ಲೆಯಲ್ಲಿ ಅಲ್ಲಲ್ಲಿ ಕೆಂಪು ಚುಕ್ಕಿ ಕಾಣುತ್ತದಲ್ವಾ? ಎಷ್ಟೋ ಜನ ಅದನ್ನು ಕ್ಯಾರೆಟ್ ಅಂದುಕೊಳ್ಳುತ್ತಾರೆ. ಅದು ಸಾಸೇಜ್. ಅವು ಇಲ್ಲದೆ ಮಾಡುವುದು ಸಸ್ಯಾಹಾರಿ ಹೋಟೆಲ್‌ಗಳಲ್ಲಿ. ಸಾಮಾನ್ಯ ಹೋಟೆಲ್‌ನಲ್ಲಿ ಅದನ್ನು ನಿರೀಕ್ಷಿಸಬೇಡಿ.

ವು ಗೊಕ್ ಅಂತ ಇನ್ನೊಂದಿದೆ. ಕೆಸುವಿನ ಗೆಡ್ಡೆಯನ್ನು ನುಣ್ಣಗೆ ಮಾಡಿ, ಅದರೊಳಗೆ ಹೂರಣ ತುಂಬಿ, ಮೇಲೆಲ್ಲ ಜಾಲರಿಯ ಹಾಗೆ ಗರಿಗರಿಯಾಗಿ ಕರಿಯುತ್ತಾರೆ. ಹೊರಗೆ ಕೆಸುವು, ಒಳಗೆ ಹಂದಿ ಮಾಂಸ. ಹೊರಗಿನ ಹಿಟ್ಟಿಗೂ ಹಂದಿ ಕೊಬ್ಬು ಹಾಕುವುದು ಹಳೆಯ ಕ್ರಮ. ಸೋಯಾ ಹಾಳೆಯ ಸುರುಳಿಗಳಿರುತ್ತವೆ, ನೋಡಲು ಪನ್ನೀರಿನದ್ದೇನೋ ಅನ್ನಿಸುತ್ತದೆ. ಒಳಗೆ ಹಂದಿ ಮಾಂಸ, ಮೇಲೆ ಆಯ್ಸ್ಟರ್ ಸಾಸ್. ಸ್ಪ್ರಿಂಗ್ ರೋಲ್ ಅಂದರೆ ಬೆಂಗಳೂರಿನಲ್ಲಿ ಎಲೆಕೋಸು, ಕ್ಯಾರೆಟ್. ಅಲ್ಲಿ ಹಂದಿ ಅಥವಾ ಸೀಗಡಿ ಇರುವುದೇ ಹೆಚ್ಚು. ಗಂಜಿ ಕೂಡ ನೀರಿನಲ್ಲಿ ಬೆಂದಿರುತ್ತದೆ ಅಂತ ಹೇಳಲಾಗದು, ಮೂಳೆಯ ಸಾರಿನಲ್ಲೋ ಕೋಳಿ ಸಾರಿನಲ್ಲೋ ಬೇಯಿಸುವವರು ಬಹಳ ಜನ. ಕೊನೆಗೆ ಏನೂ ಬೇಡ, ಬರೀ ಸೊಪ್ಪು ಕೊಡಿ ಅಂದರೆ ಬಿಸಿನೀರಲ್ಲಿ ಬಾಡಿಸಿದ ಕಾಯ್ ಲಾನ್ ಸೊಪ್ಪು ಬರುತ್ತದೆ. ಅದರ ಮೇಲೂ ಕಂದು ಬಣ್ಣದ ಆಯ್ಸ್ಟರ್ ಸಾಸ್ ಸುರಿದಿರುತ್ತಾರೆ.

ಸಿಹಿ ತಿಂಡಿಯಲ್ಲಿ ಏನು ಭಯ ಅಂತ ಕೇಳಬೇಡಿ. ಎಗ್ ಟಾರ್ಟ್‌ನಲ್ಲಿ ಮೊಟ್ಟೆ ಇದೆ ಅಂತ ಹೆಸರೇ ಹೇಳುತ್ತದೆ, ಹೊರಗಿನ ಪದರದಲ್ಲಿ ಹಂದಿ ಕೊಬ್ಬು ಇರಬಹುದು ಅಂತ ಹೇಳುವುದಿಲ್ಲ. ಬನ್‌ಗಳ ಒಳಗಿನ ಕಮಲದ ಬೀಜದ ಹೂರಣವನ್ನೂ ಎಷ್ಟೋ ಕಡೆ ಹಂದಿ ಕೊಬ್ಬಿನಲ್ಲೇ ಕಾಯಿಸುತ್ತಾರೆ. ಮಾವಿನ ಪುಡ್ಡಿಂಗ್ ಗಟ್ಟಿಯಾಗುವುದು ಸಾಮಾನ್ಯವಾಗಿ ಜೆಲಟಿನ್‌ನಿಂದ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವ ಪದಾರ್ಥ.

‘ಹಾಗಾದರೆ ಸೀಗಡಿ ಹಾಕದೆ ಮಾಡಿಕೊಡಿ ಅಂತ ಕೇಳುತ್ತೇವೆ’ ಅನ್ನುತ್ತೀರಿ. ಆಗುವುದಿಲ್ಲ. ದೋಸೆ ಹುಯ್ಯುವ ಹಾಗೆ ಹೇಳಿದ ಮೇಲೆ ಮಾಡುವ ತಿಂಡಿಗಳಲ್ಲ ಇವು. ಹೂರಣ ಮೊದಲೇ ಕಲಸಿ, ತುಂಬಿ, ಮಡಚಿ ಇಟ್ಟಿರುತ್ತಾರೆ. ಆರ್ಡರ್ ಬಂದಾಗ ನಡೆಯುವುದು ಹಬೆಗಿಡುವ ಕೆಲಸ ಮಾತ್ರ. ಭಾನುವಾರದ ರಶ್‌ನಲ್ಲಿ ನಿಮಗಾಗಿ ಬೇರೆ ಹೂರಣ ಮಾಡಲು ಅವರಿಂದ ಸಾಧ್ಯವೂ ಇಲ್ಲ. ಸಾಸ್ ಬೇಡ ಅಂದರೆ ಬಿಡಬಹುದು, ಒಳಗಿರುವುದನ್ನು ತೆಗೆಯಲು ಬರುವುದಿಲ್ಲ.

‘ಬೆಂಗಳೂರಿನಲ್ಲಿ ವೆಜ್ ಡಿಮ್ ಸಮ್ ತಿಂದಿದ್ದೇವೆ, ಅರ್ಧ ಮೆನು ವೆಜ್ಜೇ ಇತ್ತು’ ಎಂಬ ವಾದವೂ ಬರುತ್ತದೆ. ಇತ್ತು, ಯಾಕೆಂದರೆ ಅಲ್ಲಿ ತಿನ್ನಲು ಬರುವವರಲ್ಲಿ ಸಸ್ಯಾಹಾರಿಗಳು ತುಂಬಾ ಜನ. ನಮಗಾಗಿ ಮಾಡಿದ ಮೆನು ಅದು. ಹಾಂಗ್ ಕಾಂಗ್‌ನ ಮೆನು ಅಲ್ಲಿನವರ ನಾಲಿಗೆಗಾಗಿ ಇರುವಂಥದ್ದು. ಅಲ್ಲಿ ಹಸಿರು ಚುಕ್ಕೆ ಹುಡುಕಿದರೆ ಸಿಗುವುದಿಲ್ಲ.

ಸರಿ, ಹಾಗಾದರೆ ಏನು ಹೇಳಬೇಕು? ‘ಙೊ ಸಿಕ್ ಜಾಯ್’ ಅನ್ನಿ. ಬೌದ್ಧ ಸನ್ಯಾಸಿಗಳು ತಿನ್ನುವಂಥ ಊಟ ಮಾಡುವವಳು ನಾನು ಅಂತ ಅದರಿಂದ ತಿಳಿಯುತ್ತದೆ. ‘ನೋ ಮೀಟ್’ ಹೇಳಲಾಗದ್ದನ್ನು ಈ ಮೂರು ಪದ ಹೇಳುತ್ತವೆ. ಸೀಗಡಿ, ಮೀನು, ಕೊಬ್ಬು, ಸಾರು, ಮೊಟ್ಟೆ ಎಲ್ಲ ಬೇಡ ಅಂತ ಕೇಳುವವರಿಗೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಉಚ್ಚಾರಣೆ ತಪ್ಪಬಹುದು. ಅದಕ್ಕೇ ಇದನ್ನು, ಜೊತೆಗೆ ಬೇಡದ ಪದಾರ್ಥಗಳ ಪಟ್ಟಿಯನ್ನು, ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಯಜಮಾನರ ಆಫೀಸಿನವರೇ ಎರಡು ನಿಮಿಷದಲ್ಲಿ ಬರೆದುಕೊಡುತ್ತಾರೆ.

ಸಾಮಾನ್ಯ ಹೋಟೆಲ್‌ನಲ್ಲಿ ಸಿಗಬಹುದಾದವು ಇಷ್ಟು. ಅಣಬೆ, ಬಿದಿರು ಮೊಳಕೆ ತುಂಬಿದ ತರಕಾರಿ ಡಂಪ್ಲಿಂಗ್ ಹೆಚ್ಚಿನ ಕಡೆ ಒಂದಾದರೂ ಇರುತ್ತದೆ. ಜಾ ಲ್ಯೂಂಗ್ ಕೇಳಿ ನೋಡಿ: ಕರಿದ ಗೋಧಿ ಹಿಟ್ಟಿನ ಉದ್ದ ಕಡ್ಡಿಯನ್ನು ಮೆತ್ತಗಿನ ಅಕ್ಕಿ ಹಾಳೆಯಲ್ಲಿ ಸುತ್ತಿ ಕೊಡುತ್ತಾರೆ. ಒಳಗೆ ಗರಿಗರಿ, ಹೊರಗೆ ನುಣುಪು. ನನಗೆ ಡಿಮ್ ಸಮ್‌ನಲ್ಲೇ ಅತಿ ಇಷ್ಟವಾದದ್ದು ಇದು. ಸಾಸ್ ಬೇರೆ ಬಟ್ಟಲಲ್ಲಿ ಕೊಡಲು ಹೇಳಿ. ಸೊಪ್ಪನ್ನು ಆಯ್ಸ್ಟರ್ ಸಾಸ್ ಇಲ್ಲದೆ, ಬೆಳ್ಳುಳ್ಳಿ ಹಾಕಿ ಹುರಿಸಿಕೊಳ್ಳಿ. ಸಿಹಿಗೆ ವಾಟರ್ ಚೆಸ್ಟ್‌ನಟ್ ಕೇಕ್: ಆ ಗೆಡ್ಡೆಯ ಹಿಟ್ಟು, ಸಕ್ಕರೆ, ನೀರು, ಅಷ್ಟೇ. ಆದರೆ ಅದನ್ನು ಸುಡುವ ಕಾವಲಿ ಮೂಲಂಗಿ ಕೇಕ್ ಸುಟ್ಟದ್ದೇ ಆಗಿರಬಹುದು. ಕರಿಯುವ ಎಣ್ಣೆಯೂ, ಹಬೆಯ ಪಾತ್ರೆಯೂ ಒಂದೇ. ಅದು ಆಗುವುದಿಲ್ಲ ಅನ್ನುವ ಮಡಿ ನಿಮ್ಮದಾದರೆ ಟೀ ಕುಡಿದು, ಹರಟೆ ಹೊಡೆದು, ಊಟ ಬೇರೆ ಕಡೆ ಮಾಡಿ. ಕರೆದವರಿಗೆ ಮೊದಲೇ ಹೇಳಿಬಿಟ್ಟರೆ ಯಾರಿಗೂ ಬೇಜಾರಾಗುವುದಿಲ್ಲ.

ಇನ್ನು, ಯಾರೂ ನನ್ನನ್ನು ಕೇಳದ ಒಂದು ಪ್ರಶ್ನೆ. ಇಷ್ಟು ಮಾಂಸ ತಿನ್ನುವ ಊರಿನಲ್ಲಿ ಆ ‘ಜಾಯ್’ ಮಾತು ಎಲ್ಲರಿಗೂ ಗೊತ್ತಿರುವುದು ಹೇಗೆ?

ಯಾಕೆಂದರೆ ಅವರಲ್ಲೂ ಒಪ್ಪೊತ್ತಿನಂಥ ದಿನಗಳಿವೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಬಹಳ ಜನ, ಅದರಲ್ಲೂ ಮನೆಯ ಹಿರಿಯರು, ಮಾಂಸ ಮುಟ್ಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಅಮಾವಾಸ್ಯೆ, ಹುಣ್ಣಿಮೆ. ಆ ಊಟಕ್ಕೆ ಅದರದ್ದೇ ಕಟ್ಟುನಿಟ್ಟು ಇದೆ. ಮಾಂಸ, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಚೀನೀ ಬೌದ್ಧರು ಬಿಡುವ ಘಾಟಿನ ಪದಾರ್ಥಗಳು ಐದು. ಬೆಳ್ಳುಳ್ಳಿ ಮತ್ತು ಈರುಳ್ಳಿಯ ಜಾತಿಯವು ನಾಲ್ಕು. ಐದನೆಯದನ್ನು ಸಾಮಾನ್ಯವಾಗಿ ಇಂಗು ಅಂತ ಗುರುತಿಸುತ್ತಾರೆ. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಆ ರುಚಿಗೆ ಅಂತ ಇಂಗು ಹಾಕುತ್ತೇವೆ, ಅವರ ಪಟ್ಟಿ ಇಂಗನ್ನೂ ಸೇರಿಸಿಯೇ ಬಿಟ್ಟಿದೆ. ಎರಡು ನಾಡಿನ ವ್ರತದ ಅಡುಗೆ ಎಷ್ಟು ಹತ್ತಿರ ಬಂದು ಎಲ್ಲಿ ಬೇರೆಯಾಗುತ್ತದೆ ಅಂತ ನೋಡಿದರೆ ನನಗೆ ಈಗಲೂ ಸಂತೋಷವಾಗುತ್ತದೆ. ಹಾಗಾಗಿ ‘ಜಾಯ್’ ಅಂದ ಮೇಲೆ ಬೆಳ್ಳುಳ್ಳಿ ಹಾಕಿದ ಸೊಪ್ಪು ಕೇಳಿದರೆ ಸರ್ವರ್ ಒಂದು ಕ್ಷಣ ಗೊಂದಲಗೊಳ್ಳಬಹುದು. ಬೆಳ್ಳುಳ್ಳಿ ನಡೆಯುತ್ತದೆ ಅಂತ ಸ್ಪಷ್ಟವಾಗಿ ಹೇಳಿ.

ಈ ಪದ್ಧತಿಯ ಊಟವನ್ನು ನಿಶ್ಚಿಂತೆಯಿಂದ ಮಾಡಬೇಕಾದರೆ ಎರಡು ಜಾಗ ಹೇಳುತ್ತೇನೆ. ಡೈಮಂಡ್ ಹಿಲ್ ಮೆಟ್ರೊ ಹತ್ತಿರದ ಚಿ ಲಿನ್ ಭಿಕ್ಷುಣಿ ಮಠಕ್ಕೆ ಎದುರಾಗಿ ನಾನ್ ಲಿಯಾನ್ ಉದ್ಯಾನವಿದೆ. ಅದರೊಳಗೆ, ಕೃತಕ ಜಲಪಾತದ ಹಿಂದೆ ಸಸ್ಯಾಹಾರಿ ಹೋಟೆಲ್ ಇದೆ. ಇನ್ನೊಂದು ಲಾಂಟಾವ್ ದ್ವೀಪದ ಪೊ ಲಿನ್ ಮಠ. 1993ರಲ್ಲಿ ಅನಾವರಣವಾದ 34 ಮೀಟರ್ ಎತ್ತರದ ಕಂಚಿನ ಬುದ್ಧನನ್ನು ನೋಡಲು ಹೇಗೂ ಹೋಗುತ್ತೀರಿ. ಟುಂಗ್ ಚುಂಗ್‌ನಿಂದ ಕೇಬಲ್ ಕಾರ್ ಇದೆ. ಮಠದ ಅಡುಗೆಮನೆಯಲ್ಲಿ ಊಟವೂ ಸಿಗುತ್ತದೆ, ಸಣ್ಣ ತಿಂಡಿಗಳೂ ಸಿಗುತ್ತವೆ. ಇಂಥ ಕಡೆ ಮೆನುವಿನಲ್ಲಿ ಬಾತು, ಹಂದಿ ಅಂತ ಕಂಡರೆ ಎದ್ದು ಹೋಗಬೇಡಿ, ಸೋಯಾ ಹಾಳೆಯಿಂದಲೋ ಗೋಧಿಯ ಅಂಟಿನಿಂದಲೋ ಆ ರುಚಿಗೆ ಮಾಡಿದ ತಿಂಡಿಗಳವು. ಹೊರಡುವ ಮೊದಲು ಒಮ್ಮೆ ಪಂಚಾಂಗ ನೋಡಿಕೊಳ್ಳಿ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿನಲ್ಲಿ ಸಸ್ಯಾಹಾರಿ ಹೋಟೆಲ್‌ಗಳಲ್ಲೇ ಜಾಸ್ತಿ ಜನ. ಆ ದಿನಗಳಲ್ಲಿ ಹೋಗುವುದಾದರೆ ಮಧ್ಯಾಹ್ನ ಹನ್ನೆರಡಕ್ಕೆ ಮೊದಲೇ ತಲುಪಿ.