ಫೋನಿನ ಆ ಬದಿಯಿಂದ ಒಗಟು ಬಂದರೆ

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಬಿ.ಎಸ್ಸಿ. ಮುಗಿದಿದೆ. ಬರುವ ವಾರ ಬೆಂಗಳೂರಿನ ಕಂಪೆನಿಯೊಂದು ಫೋನಿನಲ್ಲೇ ಸಂದರ್ಶನ ಮಾಡಲಿದೆ. ಆಪ್ಟಿಟ್ಯೂಡ್ ಪಜಲ್‌ಗಳೂ ಇರುತ್ತವೆಯಂತೆ. ಕಾಗದದ ಮೇಲಾದರೆ ಬಿಡಿಸಬಲ್ಲೆ. ಫೋನ್ ಕಿವಿಗಿಟ್ಟ ಕೂಡಲೇ ತಲೆ ಖಾಲಿಯಾಗುತ್ತದೆ. ಇರುವ ಏಳು ದಿನಗಳಲ್ಲಿ ಹೇಗೆ ತಯಾರಾಗಲಿ?

ಉತ್ತರ: ಕಾಗದದ ಮೇಲೆ ಬಿಡಿಸಬಲ್ಲೆ ಎಂದಿದ್ದೀರಲ್ಲ, ಅರ್ಧ ಕೆಲಸ ಅಲ್ಲಿಗೆ ಮುಗಿದಿದೆ. ಉಳಿದರ್ಧ ಬಾಯಿಯದು. ಎದುರು ಕುಳಿತು ಸಂದರ್ಶನ ಮಾಡುವವರಿಗೆ ನಿಮ್ಮ ಪೆನ್ನು ಓಡುವುದು ಕಾಣುತ್ತದೆ, ಹುಬ್ಬು ಗಂಟಿಕ್ಕುವುದು ಕಾಣುತ್ತದೆ. ಫೋನಿನಲ್ಲಿ ಇವು ಯಾವುವೂ ಇಲ್ಲ. ನೀವು ಅರ್ಧ ನಿಮಿಷ ಸುಮ್ಮನಾದಿರೋ, ಲೈನ್ ಹೋಗಿದೆ ಎಂದೋ ಇವಳಿಗೆ ಏನೂ ಹೊಳೆಯುತ್ತಿಲ್ಲ ಎಂದೋ ಆ ಬದಿಯವರು ತಿಳಿಯುತ್ತಾರೆ. ಯೋಚನೆಯನ್ನೇ ಗಟ್ಟಿಯಾಗಿ ಆಡುವುದನ್ನು ಈ ಏಳು ದಿನ ರೂಢಿ ಮಾಡಿಕೊಳ್ಳಿ. ನೂರು ಒಗಟುಗಳ ಪಟ್ಟಿ ಇಳಿಸಿಕೊಂಡು ಉತ್ತರ ಉರು ಹೊಡೆಯುವುದಕ್ಕಿಂತ ಹತ್ತನ್ನು ಹೀಗೆ ಬಿಡಿಸುವುದು ಲೇಸು. ಉರು ಹೊಡೆದವನ ಗತಿ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ನನ್ನ ಮೊದಲ ಫೋನ್ ಸಂದರ್ಶನದಲ್ಲಿ ಹಗ್ಗದ ಒಗಟು ಬಂದಿತ್ತು. ಎರಡು ಹಗ್ಗಗಳಿವೆ. ಒಂದೊಂದೂ ಪೂರ್ತಿ ಉರಿಯಲು ಸರಿಯಾಗಿ ಒಂದು ಗಂಟೆ ಬೇಕು, ಆದರೆ ಉದ್ದಕ್ಕೂ ಒಂದೇ ವೇಗದಲ್ಲಿ ಉರಿಯುವುದಿಲ್ಲ. ಗಡಿಯಾರವಿಲ್ಲದೆ 45 ನಿಮಿಷ ಅಳೆಯಬೇಕು. ಬೀಡಿ ಹಚ್ಚಿಕೊಳ್ಳಲೆಂದು ನಮ್ಮ ಕಡೆಯ ಗೂಡಂಗಡಿಗಳಲ್ಲಿ ತೂಗುಬಿಡುತ್ತಿದ್ದ ನಾರಿನ ಹಗ್ಗವನ್ನು ನೋಡಿದವರಿಗೆ ಇದು ಹೊಸತಲ್ಲ: ಒಂದಷ್ಟು ದೂರ ಸರಸರನೆ ಕೆಂಡ ಏರುತ್ತದೆ, ಹುರಿ ಬಿಗಿಯಾದಲ್ಲಿ ಕುಂಟುತ್ತದೆ. ಹಾಗಾಗಿ ಅರ್ಧ ಹಗ್ಗಕ್ಕೆ ಅರ್ಧ ಗಂಟೆ ಎನ್ನುವಂತಿಲ್ಲ. ಆದರೆ ಎರಡೂ ತುದಿಗಳಿಗೆ ಬೆಂಕಿ ಕೊಟ್ಟರೆ, ಎರಡು ಕೆಂಡಗಳು ಎಲ್ಲಿ ಸೇರಿದರೂ ಅರ್ಧ ಗಂಟೆಗೇ ಸೇರುತ್ತವೆ. ಉತ್ತರ ನನಗೆ ಬಾಯಿಪಾಠ: ಒಂದು ಹಗ್ಗಕ್ಕೆ ಎರಡೂ ತುದಿಗಳಲ್ಲಿ, ಇನ್ನೊಂದಕ್ಕೆ ಒಂದೇ ತುದಿಯಲ್ಲಿ ಒಟ್ಟಿಗೇ ಬೆಂಕಿ ಹಚ್ಚಬೇಕು. ಮೊದಲನೆಯದು ಮುಗಿದ ಕೂಡಲೇ ಎರಡನೆಯದರ ಇನ್ನೊಂದು ತುದಿಗೂ ಹಚ್ಚಬೇಕು. ಅದೂ ಮುಗಿದಾಗ 45 ನಿಮಿಷ. ಹತ್ತು ಸೆಕೆಂಡಿನಲ್ಲಿ ಒಪ್ಪಿಸಿಬಿಟ್ಟೆ.

"ಸರಿ. ಇದೇ ಎರಡು ಹಗ್ಗಗಳಲ್ಲಿ 15 ನಿಮಿಷ ಅಳೆದು ತೋರಿಸಿ" ಎಂದರು.

ನಾನು ತಡವರಿಸಿದೆ. ಕಾಗದದ ಮೇಲೆ ಗೆರೆ ಎಳೆದೆ, ಹೊಡೆದುಹಾಕಿದೆ, ಕೊನೆಗೆ ಆಗುವುದಿಲ್ಲ ಎಂದೆ. ಫೋನ್ ಇಟ್ಟು ಚಹಾಕ್ಕೆ ನೀರಿಡುವಾಗ ಹೊಳೆಯಿತು: ಮೊದಲ ಹಗ್ಗ ಮುಗಿದಲ್ಲಿಂದ ಎರಡನೆಯದು ಮುಗಿಯುವವರೆಗಿನ ಹೊತ್ತು ಅದೇ 15 ನಿಮಿಷವಲ್ಲವೇ! ಅದನ್ನು ನನ್ನ ಬಾಯಿಯಿಂದಲೇ ಆಗಷ್ಟೇ ಹೇಳಿದ್ದೆ, ನನಗೇ ಕೇಳಿಸಿರಲಿಲ್ಲ.

ಮುಂದೆ ಕೆಲವು ವರ್ಷ ಪ್ರಶ್ನೆ ಕೇಳುವ ಬದಿಯಲ್ಲೂ ಕುಳಿತೆ. ಥಟ್ಟನೆ ಉತ್ತರ ಬಂದರೆ ನಾನೂ ಒಗಟನ್ನು ಸ್ವಲ್ಪ ತಿರುಚುತ್ತಿದ್ದೆ. ಎಂಟು ನಾಣ್ಯಗಳಲ್ಲಿ ಒಂದು ಮಾತ್ರ ತುಸು ಭಾರ, ತಕ್ಕಡಿಯನ್ನು ಎರಡೇ ಸಲ ಬಳಸಿ ಅದನ್ನು ಹುಡುಕಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಒಗಟು. ಒಂಬತ್ತಾದರೆ ಎಂದು ಕೇಳಿದರೆ ಉರು ಹೊಡೆದವರು ಮೂರು ಸಲ ಬೇಕು ಎನ್ನುತ್ತಿದ್ದರು. ತಕ್ಕಡಿ ಒಂದು ಸಲಕ್ಕೆ ಮೂರು ಬಗೆಯ ಉತ್ತರ ಕೊಡುತ್ತದೆ: ಎಡ ಭಾರ, ಬಲ ಭಾರ, ಎರಡೂ ಸಮ. ಆದ್ದರಿಂದ ಮೂರು ಮೂರರ ಗುಂಪು ಮಾಡಿದರೆ ಒಂಬತ್ತಕ್ಕೂ ಎರಡೇ ಸಲ ಸಾಕು, ಇಪ್ಪತ್ತೇಳಕ್ಕೆ ಮೂರು ಸಲ. ಇದಿಷ್ಟು ತಿಳಿದಿದ್ದರೆ ಎಂಟರ ಉತ್ತರ ಮರೆತರೂ ನಷ್ಟವಿಲ್ಲ.

ಕೇಳಿದ ಒಗಟು ಮೊದಲೇ ಗೊತ್ತಿದ್ದರೆ ಗೊತ್ತಿದೆ ಎಂದು ಹೇಳಿಬಿಡಿ. ಬೇರೆಯದು ಕೊಟ್ಟಾರು, ಕೊಡಲಿ. ಯೋಚಿಸಿದಂತೆ ನಟಿಸಿದರೆ ದನಿಯಲ್ಲಿ ತಿಳಿಯುತ್ತದೆ. ಮೆಲ್ಲಗೆ ಕಂಪ್ಯೂಟರಿನಲ್ಲಿ ಹುಡುಕಿದರೆ ಕೀಬೋರ್ಡಿನ ಟಕಟಕವೂ ಕೇಳುತ್ತದೆ, ಅದಂತೂ ಬೇಡವೇ ಬೇಡ.

ಅಂದಾಜಿನ ಪ್ರಶ್ನೆಗಳೂ ಬರಬಹುದು: ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಇಡ್ಲಿ ಖರ್ಚಾಗುತ್ತದೆ ಎಂಬಂಥವು. ಇಂಥ ಪ್ರಶ್ನೆಗಳಿಂದ ಒಳ್ಳೆಯ ಕೆಲಸಗಾರರನ್ನು ಗುರುತಿಸಲಾಗದು, ಇವು ಸಮಯ ಹಾಳು ಎಂದು ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲೇ ಪತ್ರಿಕೆಯೊಂದಕ್ಕೆ ಹೇಳಿದ್ದರು. ನನ್ನ ಅಭಿಪ್ರಾಯವೂ ಅದೇ. ಆದರೂ ಕೇಳುವವರು ಕೇಳುತ್ತಲೇ ಇದ್ದಾರೆ, ಉತ್ತರ ಕೊಡಬೇಕಾದವರು ನಾವು. ಅಡಿಕೆ ತೋಟದ ಮನೆಯವರಿಗೆ ಈ ಲೆಕ್ಕ ಕಷ್ಟವಾಗಬಾರದು. ಎಕರೆಗೆ ಎಷ್ಟು ಸಸಿ ಬೇಕೆಂದು ನಿಮ್ಮ ಅಪ್ಪನನ್ನು ಕೇಳಿ ನೋಡಿ. ಒಂಬತ್ತು ಅಡಿಗೊಂದು ನೆಟ್ಟರೆ ಒಂದು ಸಸಿಗೆ 81 ಚದರ ಅಡಿ ಜಾಗ. ಎಕರೆಗೆ 43,560 ಚದರ ಅಡಿ. ಭಾಗಿಸಿದರೆ 540ರ ಆಸುಪಾಸು. ಕಣಿ, ದಾರಿ ಕಳೆದು ಐನೂರು ಎನ್ನೋಣ ಎನ್ನುತ್ತಾರೆ. ಇಡ್ಲಿಗೂ ಇದೇ ದಾರಿ. ಊರಲ್ಲಿ ಒಂದೂಕಾಲು ಕೋಟಿ ಜನ ಎಂದುಕೊಳ್ಳಿ, ಐವರಲ್ಲಿ ಒಬ್ಬರು ಬೆಳಿಗ್ಗೆ ಇಡ್ಲಿ ತಿನ್ನುತ್ತಾರೆ ಎಂದುಕೊಳ್ಳಿ, ತಲೆಗೆ ಮೂರು. ಇಪ್ಪತ್ತೈದು ಲಕ್ಷ ಜನರಿಗೆ ಎಪ್ಪತ್ತೈದು ಲಕ್ಷ ಇಡ್ಲಿ. ಸರಿಯಾದ ಸಂಖ್ಯೆ ಕೇಳಿದವರಿಗೂ ಗೊತ್ತಿರುವುದಿಲ್ಲ. ಆದರೆ "ಎಂದುಕೊಳ್ಳಿ" ಎನ್ನುವುದನ್ನು ಬಿಡಬೇಡಿ. ಯಾವುದು ಊಹೆ, ಯಾವುದು ಲೆಕ್ಕ ಎಂದು ಅವರಿಗೆ ತಿಳಿಯಬೇಕು.

ವೇಗ, ಕೆಲಸ, ಶೇಕಡಾ ಲೆಕ್ಕಗಳು ನಿಮ್ಮ ಹಳೆಯ ಪಾಠಪುಸ್ತಕದಲ್ಲೇ ಇವೆ. ಒಂದು ಬಲೆಯ ಬಗ್ಗೆ ಮಾತ್ರ ಎಚ್ಚರ. ಕಾಸರಗೋಡಿನಿಂದ ಮಂಗಳೂರಿಗೆ ಗಂಟೆಗೆ 40 ಕಿಲೋಮೀಟರಿನಂತೆ ಹೋಗಿ 60ರಂತೆ ಮರಳಿದರೆ ಸರಾಸರಿ ವೇಗವೆಷ್ಟು? ಬಾಯಿಗೆ ಮೊದಲು ಬರುವ 50 ತಪ್ಪು. ದಾರಿ ಎಷ್ಟೇ ಇರಲಿ, ಲೆಕ್ಕಕ್ಕೆ ಸಲೀಸಾಗುವಂತೆ 120 ಕಿಲೋಮೀಟರ್ ಎಂದಿಟ್ಟುಕೊಳ್ಳಿ: ಹೋಗಲು ಮೂರು ಗಂಟೆ, ಬರಲು ಎರಡು, ಐದು ಗಂಟೆಗೆ 240, ಸರಾಸರಿ 48. ಮೊದಲು ಹೊಳೆದ ಉತ್ತರವನ್ನು ನಾಲಗೆಯ ತುದಿಯಲ್ಲೇ ಹಿಡಿದು ಒಮ್ಮೆ ತಾಳೆ ನೋಡಿ.

ಇನ್ನು ಭಾಷೆ. ನಮ್ಮೂರಿನ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಆಡುತ್ತಾರೆ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಸಂದರ್ಶನದಲ್ಲಿ ಇಂಗ್ಲಿಷ್. ಮಗ್ಗಿ ಮಾತ್ರ ಕಲಿತ ಭಾಷೆಯಲ್ಲೇ ಓಡುತ್ತದೆ. ಓಡಲಿ, ಏಳೆಂಟಲ ಐವತ್ತಾರು ಎಂದು ಮನಸ್ಸಿನಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಿ. ಹೊರಗೆ ಆಡಬೇಕಾದ ಇಂಗ್ಲಿಷ್ ವಾಕ್ಯಗಳು ಐದಾರೇ: ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ, ಸರಿಯೇ? ಒಂದು ನಿಮಿಷ ಬರೆದುಕೊಂಡು ಹೇಳಲೇ? ಮೊದಲು ಸಣ್ಣ ಸಂಖ್ಯೆಗೆ ಮಾಡಿ ನೋಡುತ್ತೇನೆ. ಈ ದಾರಿ ತಪ್ಪಾಯಿತು, ಇನ್ನೊಂದು ನೋಡುತ್ತೇನೆ. ಇಷ್ಟು ತಡವರಿಸದೆ ಬಂದರೆ ಸಾಕು. ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳುತ್ತವೆ. ಸಂಖ್ಯೆ ಬಂದಾಗಲೆಲ್ಲ ಒಂದು, ಐದು ಎಂದು ಅಂಕಿ ಬಿಡಿಸಿ ಕೇಳಿ ಖಚಿತಪಡಿಸಿಕೊಳ್ಳಿ. ಇದನ್ನು ಯಾರೂ ಕುಂದೆಂದು ಎಣಿಸುವುದಿಲ್ಲ.

ಅಭ್ಯಾಸವನ್ನು ಫೋನಿನಲ್ಲೇ ಮಾಡಿ. ಗೆಳತಿಯೋ ತಮ್ಮನೋ ಬೇರೆ ಕೋಣೆಯಿಂದ ಕರೆ ಮಾಡಿ ಒಗಟು ಓದಲಿ; ನಿಮ್ಮ ಮಾತನ್ನು ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಾಚಿಕೆಯಾಗುತ್ತದೆ, ಮೂರನೆಯ ಸಲಕ್ಕೆ ಎಲ್ಲಿ ಸುಮ್ಮನಾಗುತ್ತೀರಿ ಎಂದು ಗೊತ್ತಾಗುತ್ತದೆ. ಅದೇ ಒಗಟನ್ನು ಅಡುಗೆಮನೆಯಲ್ಲಿ ಅಮ್ಮನಿಗೆ ಮನೆಮಾತಿನಲ್ಲಿ ಬಿಡಿಸಿ ಹೇಳಿ. ಅವರು "ಅದು ಹೇಗೆ?" ಎಂದು ಕೇಳುವ ಜಾಗವನ್ನು ಗುರುತು ಹಾಕಿಕೊಳ್ಳಿ; ಸಂದರ್ಶಕರ ಪ್ರಶ್ನೆಯೂ ಅಲ್ಲಿಂದಲೇ ಏಳುತ್ತದೆ.

ಕೊನೆಗೆ ಜಾಗ. ರೇಂಜ್‌ಗಾಗಿ ಗುಡ್ಡೆ ಹತ್ತಿ ನಿಂತು ಮಾತನಾಡಿದರೆ ಬರೆಯುವುದು ಎಲ್ಲಿ? ಮನೆಯಲ್ಲಿ ಫೈಬರ್ ಸಂಪರ್ಕವಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ, ಟವರ್ ಸಿಗದ ಕೋಣೆಯಲ್ಲೂ ಕರೆ ಬರುತ್ತದೆ. ಕರೆಂಟ್ ಹೋದರೆ ಮೋಡೆಮ್ ಕೂಡ ಹೋಗುತ್ತದೆ ಎಂಬುದು ನೆನಪಿರಲಿ. ಮಳೆಗಾಲವಾದರೆ ಶೀಟಿನ ಮಾಡಿನ ಕೆಳಗೆ ಕೂರಬೇಡಿ. ಕಿವಿಗೆ ಇಯರ್‌ಫೋನ್ ಇರಲಿ, ಎರಡೂ ಕೈಗಳು ಬರೆಯಲು ಬಿಡುವಾಗಿರಲಿ. ಮೀನಿನ ಗಾಡಿ ಹಾರ್ನ್ ಬಾರಿಸುತ್ತ ನಿಮ್ಮ ಗೇಟಿನೆದುರು ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದು ನಾಳೆಯೇ ನೋಡಿಟ್ಟುಕೊಳ್ಳಿ. ಸಂದರ್ಶನದ ಸಮಯ ಆಯ್ದುಕೊಳ್ಳಲು ಹೇಳಿದ್ದರೆ ಅದಕ್ಕೆ ಒಂದು ಗಂಟೆ ಆಚೆಗೆ ಕೇಳಿ.